ತಾರೀಖು ಗೊತ್ತಿರುವ ರೊಕ್ಕಕ್ಕೆ ಟ್ರೆಷರಿ ಬಿಲ್

ತೊಗರಿ ರಾಶಿ ಮುಗಿದು ಮಾಲು ಮಾರಿದ ಮೇಲೆ ರೊಕ್ಕ ಒಮ್ಮೆಲೇ ಬರುತ್ತದೆ. ಖರ್ಚು ಮಾತ್ರ ಕಂತುಕಂತಾಗಿ ಬರುತ್ತದೆ. ಜೂನ್‌ನಲ್ಲಿ ಬೀಜ-ಗೊಬ್ಬರ, ಅದೇ ಹೊತ್ತಿಗೆ ಮಕ್ಕಳ ಫೀಸು, ಆಗಸ್ಟ್‌ನಲ್ಲಿ ಕಳೆ ತೆಗೆಯುವ ಕೂಲಿ, ದೀಪಾವಳಿಯ ಆಸುಪಾಸು ಕಾಯಿಕೊರಕಕ್ಕೆ ಔಷಧ. ಈ ನಡುವಿನ ತಿಂಗಳುಗಳಲ್ಲಿ ರೊಕ್ಕ ಉಳಿತಾಯ ಖಾತೆಯಲ್ಲಿ ಸುಮ್ಮನೆ ಬಿದ್ದಿರುತ್ತದೆ, ಇಲ್ಲವೇ ಯಾರಾದರೂ ಕೈಗಡ ಕೇಳಿ ಒಯ್ಯುತ್ತಾರೆ. ಕಲಬುರಗಿಯಲ್ಲಿ ಕೂತು ನಾನು ಟ್ರೆಷರಿ ಬಿಲ್ ಕೊಳ್ಳುವುದು ಈ ನಡುವಿನ ತಿಂಗಳುಗಳಿಗಾಗಿ. ಸಂಬಳದವರಿಗೂ ಇದೇ ಲೆಕ್ಕ ಹೊಂದುತ್ತದೆ. ಇಂಥ ತಾರೀಖಿಗೆ ಇಷ್ಟು ಬೇಕು ಎಂದು ಮೊದಲೇ ಗೊತ್ತಿರುವ ರೊಕ್ಕಕ್ಕೆ ಇದು ತಕ್ಕ ಜಾಗ. ಯಾವಾಗ ಬೇಕಾಗುತ್ತದೋ ಗೊತ್ತಿಲ್ಲದ ರೊಕ್ಕಕ್ಕೆ ಅಲ್ಲ.

ಟ್ರೆಷರಿ ಬಿಲ್ ಅಂದರೆ ಕೇಂದ್ರ ಸರ್ಕಾರ ರಿಸರ್ವ್ ಬ್ಯಾಂಕ್ ಮೂಲಕ ಎತ್ತುವ ಅಲ್ಪಾವಧಿ ಸಾಲ. 91, 182, 364 ದಿನ, ಹೀಗೆ ಮೂರು ಅವಧಿ. ಬಡ್ಡಿ ಎಂದು ಬೇರೆಯಾಗಿ ಏನೂ ಬರುವುದಿಲ್ಲ. ನೂರು ರೂಪಾಯಿ ಮುಖಬೆಲೆಯ ಬಿಲ್ಲನ್ನು ನೂರಕ್ಕಿಂತ ಕಡಿಮೆಗೆ ಕೊಳ್ಳುತ್ತೇವೆ, ಅವಧಿ ಮುಗಿದ ದಿನ ಪೂರ್ತಿ ನೂರು ಬರುತ್ತದೆ. ನಡುವಿನ ವ್ಯತ್ಯಾಸವೇ ಲಾಭ. ಗಂಜಿನ, ಅಂದರೆ ಧಾನ್ಯದ ಮಾರುಕಟ್ಟೆಯ, ಹಳೆಯ ವ್ಯಾಪಾರಿಗಳಿಗೆ ಇದೂ ಹುಂಡಿಯೇ, ಇಂಥ ದಿನ ಇಷ್ಟು ಕೊಡುತ್ತೇನೆ ಎಂದು ಬರೆದ ಚೀಟಿ, ಎಂದರೆ ಥಟ್ಟನೆ ಅರ್ಥವಾಗುತ್ತದೆ. ಕನಿಷ್ಠ ಮುಖಬೆಲೆ 10,000 ರೂಪಾಯಿ, ಅದರ ಮೇಲೆ ಹತ್ತು ಹತ್ತು ಸಾವಿರದ ಲೆಕ್ಕದಲ್ಲಿ ಏರಿಸಬಹುದು. ಬ್ಯಾಂಕ್ ಠೇವಣಿಗೆ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಮಾತ್ರ ವಿಮೆಯ ರಕ್ಷಣೆ. ಟ್ರೆಷರಿ ಬಿಲ್ಲಿನಲ್ಲಿ ಸಾಲಗಾರ ಭಾರತ ಸರ್ಕಾರವೇ ಆದ್ದರಿಂದ ಅಂಥ ಮಿತಿಯ ಪ್ರಶ್ನೆ ಬರುವುದಿಲ್ಲ.

ಕೊಳ್ಳಲು ನಾನು ಬಳಸುವುದು ರಿಸರ್ವ್ ಬ್ಯಾಂಕಿನದೇ ಆನ್‌ಲೈನ್ ಪೋರ್ಟಲ್ ಆದ ಆರ್‌ಬಿಐ ರಿಟೇಲ್ ಡೈರೆಕ್ಟ್. 2021ರ ನವೆಂಬರ್‌ನಲ್ಲಿ ಶುರುವಾಯಿತು, 2024ರ ಮೇ ತಿಂಗಳಲ್ಲಿ ಮೊಬೈಲ್ ಆ್ಯಪ್ ಬಂತು. ಖಾತೆ ತೆರೆಯಲು, ಇಟ್ಟುಕೊಳ್ಳಲು ಶುಲ್ಕವಿಲ್ಲ. ಯಾರಾದರೂ "ಖಾತೆ ಮಾಡಿಸಿ ಕೊಡುತ್ತೇನೆ, ಇಷ್ಟು ಕೊಡಿ" ಎಂದರೆ ಅಲ್ಲಿಂದ ಎದ್ದು ಬನ್ನಿ. ಷೇರು ಬ್ರೋಕರ್ ಮೂಲಕವೂ ಕೊಳ್ಳಬಹುದು, ಆಗ ಬಿಲ್ ನಿಮ್ಮ ಡಿಮ್ಯಾಟ್ ಖಾತೆಗೆ, ಅಂದರೆ ಷೇರು ಇಡುವ ಖಾತೆಗೆ, ಬರುತ್ತದೆ. ಆದರೆ ಕೊಳ್ಳುವ ಬೇಡಿಕೆಗೆ ಅವರ ಗಡುವು ಒಂದೆರಡು ದಿನ ಮುಂಚೆಯೇ ಮುಗಿಯಬಹುದು, ಅವರ ಶುಲ್ಕವೂ ಇರಬಹುದು. ಬರೀ ಟ್ರೆಷರಿ ಬಿಲ್ಲಿಗಾಗಿ ಡಿಮ್ಯಾಟ್ ತೆರೆಯುವುದು ನನಗೆ ಸರಿ ಕಾಣುವುದಿಲ್ಲ.

ಖಾತೆಗೆ ಬೇಕಾದದ್ದು ಪ್ಯಾನ್, ಆಧಾರ್, ಆಧಾರ್‌ಗೆ ಜೋಡಿಸಿದ ಮೊಬೈಲ್, ಇಮೇಲ್, ನಿಮ್ಮ ಹೆಸರಿನ ಉಳಿತಾಯ ಖಾತೆ. ಕೇಳಲು ಸುಲಭ. ನಮ್ಮ ಕಡೆ ಸಿಕ್ಕಿಕೊಳ್ಳುವುದು ಇಲ್ಲಿಯೇ, ಅದೂ ಹೆಸರಿನಲ್ಲಿ. ಪ್ಯಾನ್‌ನಲ್ಲಿ ಮನೆತನದ ಹೆಸರು ಕೊನೆಗೆ, ಆಧಾರ್‌ನಲ್ಲಿ ಮೊದಲಿಗೆ, ಪಾಸ್‌ಬುಕ್ಕಿನಲ್ಲಿ ತಂದೆಯ ಹೆಸರು ನಡುವೆ ಸೇರಿ ಇನ್ನೊಂದು ಥರ. ಬ್ಯಾಂಕ್ ಖಾತೆ ಖಚಿತಪಡಿಸಲು ಸಣ್ಣ ಮೊತ್ತ ಹಾಕಿ ಅಲ್ಲಿರುವ ಹೆಸರನ್ನು ಹೋಲಿಸುತ್ತಾರೆ, ಹೊಂದದಿದ್ದರೆ ಅರ್ಜಿ ಅಲ್ಲೇ ನಿಲ್ಲುತ್ತದೆ. ಮೂರನ್ನೂ ಎದುರಿಗಿಟ್ಟು ಅಕ್ಷರ ಅಕ್ಷರ ನೋಡಿ, ವ್ಯತ್ಯಾಸವಿದ್ದರೆ ಮೊದಲು ಬ್ಯಾಂಕಿನಲ್ಲೋ ಆಧಾರ್ ಕೇಂದ್ರದಲ್ಲೋ ಸರಿಪಡಿಸಿ, ಆಮೇಲೆ ಅರ್ಜಿಗೆ ಕೈ ಹಾಕಿ.

ವಿಳಾಸವೂ ಹಾಗೆಯೇ. ಯಾದಗಿರಿ ಬೇರೆ ಜಿಲ್ಲೆಯಾದದ್ದು 2009ರ ಕೊನೆಗೆ. ಗುಲಬರ್ಗಾ ಅಧಿಕೃತವಾಗಿ ಕಲಬುರಗಿ ಆದದ್ದು 2014ರ ನವೆಂಬರ್ 1ಕ್ಕೆ. ಹಳೆಯ ದಾಖಲೆಯಲ್ಲಿ ಶಹಾಪುರ, ಸುರಪುರದವರ ಜಿಲ್ಲೆ ಇನ್ನೂ ಗುಲಬರ್ಗಾ ಎಂದೇ ಇರುತ್ತದೆ. ಅರ್ಜಿಯಲ್ಲಿ ವಿಳಾಸವನ್ನು ನೆನಪಿನಿಂದ ಬರೆಯದೆ, ಈಗಿನ ಆಧಾರ್‌ನಲ್ಲಿ ಇದ್ದಂತೆಯೇ ತುಂಬಿ.

ಮೂರನೆಯದು ಐಎಫ್‌ಎಸ್‌ಸಿ, ಅಂದರೆ ಬ್ಯಾಂಕ್ ಶಾಖೆಯ ಕೋಡ್. ಈ ಭಾಗದಲ್ಲಿ ಬಹಳ ಮಂದಿಯ ಖಾತೆ ಮೊದಲು ಸ್ಟೇಟ್ ಬ್ಯಾಂಕ್ ಆಫ್ ಹೈದರಾಬಾದ್‌ನಲ್ಲಿತ್ತು. ಅದು 2017ರ ಏಪ್ರಿಲ್ 1ಕ್ಕೆ ಸ್ಟೇಟ್ ಬ್ಯಾಂಕ್ ಆಫ್ ಇಂಡಿಯಾದಲ್ಲಿ ಸೇರಿತು. ಸಿಂಡಿಕೇಟ್ ಬ್ಯಾಂಕ್ 2020ರಲ್ಲಿ ಕೆನರಾ ಆಯಿತು. ಗ್ರಾಮೀಣ ಬ್ಯಾಂಕುಗಳೂ ಒಂದರಲ್ಲೊಂದು ಸೇರಿವೆ. ಟ್ರಂಕಿನಲ್ಲಿರುವ ಹಳೆಯ ಚೆಕ್‌ಬುಕ್ ನೋಡಿ ಕೋಡ್ ತುಂಬಬೇಡಿ. ಬಿಲ್ಲಿನ ಅವಧಿ ಮುಗಿದಾಗ ರೊಕ್ಕ ವಾಪಸು ಬರುವುದು ಇದೇ ಖಾತೆಗೆ. ಹಾಗಾಗಿ ವರ್ಷಗಟ್ಟಲೆ ವ್ಯವಹಾರವಿಲ್ಲದೆ ಮಲಗಿರುವ ಖಾತೆಯನ್ನೂ ಕೊಡಬೇಡಿ. ನಾಮಿನಿ ಇಬ್ಬರವರೆಗೆ ಇರಬಹುದು. ಗಂಡ-ಹೆಂಡತಿ ಜಂಟಿಯಾಗಿಯೂ ತೆರೆಯಬಹುದು.

ಇನ್ನು ವಾರದ ಲಯ. ಬಿಲ್ಲುಗಳನ್ನು ರಿಸರ್ವ್ ಬ್ಯಾಂಕ್ ಹರಾಜಿನಲ್ಲಿ ಮಾರುತ್ತದೆ. ಹರಾಜು ಸಾಮಾನ್ಯವಾಗಿ ಬುಧವಾರ, ರೊಕ್ಕ-ಬಿಲ್ ಅದಲುಬದಲು ಗುರುವಾರ. ಮೂರೂ ಅವಧಿಗಳು ಏಳರಿಂದ ಭಾಗವಾಗುತ್ತವೆ: 13 ವಾರ, 26 ವಾರ, 52 ವಾರ. ಆದ್ದರಿಂದ ಗುರುವಾರ ಕೊಂಡದ್ದು ಗುರುವಾರವೇ ಮುಗಿಯುತ್ತದೆ. ಕ್ಯಾಲೆಂಡರಿನಲ್ಲಿ ಹದಿಮೂರು ಸಾಲು ಎಣಿಸಿದರೆ ತಾರೀಖು ಸಿಕ್ಕಿತು. ಯಾವ ವಾರ ಎಷ್ಟು ಕೋಟಿಯ ಬಿಲ್ ಎಂಬ ಪಟ್ಟಿಯನ್ನು ರಿಸರ್ವ್ ಬ್ಯಾಂಕ್ ಮೂರು ಮೂರು ತಿಂಗಳಿಗೆ ಮುಂಚಿತವಾಗಿ ಹೊರಡಿಸುತ್ತದೆ. ರಜೆ ಬಂದರೆ ಹರಾಜಿನ ದಿನ ಬದಲಾಗುತ್ತದೆ, ಆದರೆ ಲೆಕ್ಕಕ್ಕೆ ಹಿಡಿಯುವುದು ಮುಂಬೈ ರಜೆ. ಶರಣಬಸವೇಶ್ವರ ಜಾತ್ರೆಗೆ ನಮ್ಮೂರಲ್ಲಿ ಬಾಗಿಲು ಮುಚ್ಚಿದರೂ ಅಲ್ಲಿ ಹರಾಜು ನಡೆಯುತ್ತದೆ.

ಬಿಡ್, ಅಂದರೆ ಹರಾಜಿನಲ್ಲಿ ಕೊಳ್ಳುವ ಬೇಡಿಕೆ, ಹಾಕುವಾಗ ದರ ನೀವು ಹೇಳಬೇಕಿಲ್ಲ. ನಮ್ಮಂಥವರದು ಸ್ಪರ್ಧೆ ಇಲ್ಲದ ಬಿಡ್. ಮುಖಬೆಲೆ ಎಷ್ಟು ಬೇಕು ಎಂದಷ್ಟೇ ಬರೆಯುತ್ತೇವೆ. ದೊಡ್ಡ ಬ್ಯಾಂಕುಗಳೂ ಸಂಸ್ಥೆಗಳೂ ಪೈಪೋಟಿಯಲ್ಲಿ ಹೇಳಿದ ದರಗಳಲ್ಲಿ ಒಪ್ಪಿಗೆಯಾದವುಗಳ ತೂಕದ ಸರಾಸರಿ (ದೊಡ್ಡ ಮೊತ್ತದ ದರಕ್ಕೆ ಹೆಚ್ಚು ತೂಕ ಕೊಟ್ಟು ತೆಗೆದ ಸರಾಸರಿ) ಏನು ಬರುತ್ತದೋ ಅದೇ ನಮ್ಮ ದರ. ಹತ್ತು ಸಾವಿರ ಹಾಕಿದವರಿಗೂ ಆ ಸರಾಸರಿಯೇ ಸಿಗುತ್ತದೆ. ಈ ವ್ಯವಸ್ಥೆಯಲ್ಲಿ ನನಗೆ ಬಹಳ ಹಿಡಿಸಿದ ಸಂಗತಿ ಇದು. ಗಂಜಿನಲ್ಲಿ ಎರಡು ಚೀಲ ತಂದವನಿಗೂ ನೂರು ಚೀಲ ತಂದವನಿಗೂ ಒಂದೇ ದರ ಎಂದು ಯಾರು ಖಾತ್ರಿ ಕೊಡುತ್ತಾರೆ?

ಹರಾಜಿಗೆ ಮೊದಲು ದರ ಗೊತ್ತಿರುವುದಿಲ್ಲ. ಆದ್ದರಿಂದ ಅಂದಾಜು ದರದ ಮೇಲೆ ಸ್ವಲ್ಪ ಹೆಚ್ಚು ಸೇರಿಸಿ ರೊಕ್ಕ ಕೇಳುತ್ತಾರೆ, ಉಳಿದದ್ದು ಆಮೇಲೆ ಖಾತೆಗೆ ಮರಳುತ್ತದೆ. 2 ಲಕ್ಷ ಮುಖಬೆಲೆಗೆ ಖಾತೆಯಲ್ಲಿ ಪೂರ್ತಿ 2 ಲಕ್ಷ ಇಟ್ಟುಬಿಡಿ, ಆಗ ಎಂದೂ ಕಡಿಮೆ ಬೀಳದು. ಯುಪಿಐ ಆರಿಸಿದರೆ ಮೊತ್ತವನ್ನು ಖಾತೆಯಲ್ಲಿ ತಡೆಹಿಡಿಯುತ್ತಾರೆ. ಫೋನಿನ ಯುಪಿಐ ಆ್ಯಪ್‌ಗೆ ಹೋಗಿ ಒಪ್ಪಿಗೆ ಕೊಟ್ಟು ಪಿನ್ ಒತ್ತಿದಾಗಲೇ ಕೆಲಸ ಮುಗಿದಂತೆ. ರಿಟೇಲ್ ಡೈರೆಕ್ಟ್‌ಗೆ ಯುಪಿಐ ಮಿತಿ 5 ಲಕ್ಷ ಇದ್ದರೂ ನಿಮ್ಮ ಬ್ಯಾಂಕ್ ತನ್ನದೇ ಕಡಿಮೆ ಮಿತಿ ಇಟ್ಟಿರಬಹುದು. ದೊಡ್ಡ ಮೊತ್ತಕ್ಕೆ ನೆಟ್ ಬ್ಯಾಂಕಿಂಗ್ ವಾಸಿ. ನೆಟ್‌ವರ್ಕ್ ಕೈಕೊಡುವ ಹಳ್ಳಿಯಲ್ಲಿದ್ದರಂತೂ ಕೊನೆಯ ಗಳಿಗೆಗೆ ಬಿಡಬೇಡಿ. ನಾನು ಮಂಗಳವಾರ ಮಧ್ಯಾಹ್ನದೊಳಗೆ ಹಾಕಿ ಮುಗಿಸುತ್ತೇನೆ. ಒಂದು ಹರಾಜಿನಲ್ಲಿ ಒಂದು ಬಿಲ್ಲಿಗೆ ಒಂದೇ ಬಿಡ್, ಆದ್ದರಿಂದ ಮೊತ್ತವನ್ನು ಮೊದಲೇ ನಿರ್ಧರಿಸಿಕೊಂಡಿರಬೇಕು.

ಲಾಭದ ಲೆಕ್ಕವನ್ನು ಕೈಯಲ್ಲೇ ಮಾಡಿ ನೋಡುವುದು ಒಳ್ಳೆಯದು. ಉದಾಹರಣೆಗೆ 91 ದಿನದ ನೂರು ರೂಪಾಯಿ ಬಿಲ್ಲಿನ ಬೆಲೆ 98.65 ಎಂದಿಟ್ಟುಕೊಳ್ಳಿ. ನೂರರಿಂದ ಕಳೆದರೆ 1.35. ಅದನ್ನು ನೂರರಿಂದ ಅಲ್ಲ, ನಾವು ಹಾಕಿದ 98.65ರಿಂದ ಭಾಗಿಸಬೇಕು. ಬಂದದ್ದನ್ನು 365ರಿಂದ ಗುಣಿಸಿ 91ರಿಂದ ಭಾಗಿಸಿದರೆ ವರ್ಷಕ್ಕೆ ಶೇ 5.49. ಬಹಳ ಜನ 1.35ನ್ನು ನಾಲ್ಕರಿಂದ ಗುಣಿಸಿ 5.40 ಅನ್ನುತ್ತಾರೆ. ಬ್ಯಾಂಕ್ ದರದ ಜೊತೆ ಹೋಲಿಸುವಾಗ ಆ ಸಣ್ಣ ತಪ್ಪೇ ತೀರ್ಮಾನವನ್ನು ತಿರುಗಿಸಬಹುದು. ಇದೇ ಬೆಲೆಯಲ್ಲಿ 2 ಲಕ್ಷ ಮುಖಬೆಲೆಗೆ ಹಾಕುವುದು 1,97,300, ಬರುವ ಲಾಭ 2,700. ಅಷ್ಟೇ ರೊಕ್ಕ ಅಷ್ಟೇ ದಿನ ಶೇ 2.5ರ ಉಳಿತಾಯ ಖಾತೆಯಲ್ಲಿ ಬಿದ್ದಿದ್ದರೆ ಸುಮಾರು 1,230. ವ್ಯತ್ಯಾಸ ಒಂದೂವರೆ ಸಾವಿರಕ್ಕೆ ಸ್ವಲ್ಪ ಕಡಿಮೆ. ಇದರಿಂದ ಯಾರೂ ಶ್ರೀಮಂತರಾಗುವುದಿಲ್ಲ, ಆದರೆ ಸುಮ್ಮನೆ ಬಿಡುವ ಮೊತ್ತವೂ ಅಲ್ಲ.

ದರ ಯಾವಾಗಲೂ ಒಂದೇ ಇರುವುದಿಲ್ಲ. 2025ರ ಫೆಬ್ರವರಿಗೆ ಮೊದಲು ರೆಪೊ ದರ, ಅಂದರೆ ರಿಸರ್ವ್ ಬ್ಯಾಂಕ್ ಬ್ಯಾಂಕುಗಳಿಗೆ ಸಾಲ ಕೊಡುವ ದರ, ಶೇ 6.50 ಇತ್ತು, ಅದೇ ವರ್ಷದ ಜೂನ್‌ಗೆ 5.50ಕ್ಕೆ ಇಳಿಯಿತು. ಟ್ರೆಷರಿ ಬಿಲ್ಲಿನ ಗಳಿಕೆಯೂ ಅದರ ಹಿಂದೆಯೇ ಇಳಿಯಿತು. ದರ ಇಳಿಯುವ ಕಾಲದಲ್ಲಿ ಮೂರು ಮೂರು ತಿಂಗಳಿಗೆ ಕೊಳ್ಳುವವರಿಗೆ ಪ್ರತಿ ಸಲ ಕಡಿಮೆ ಸಿಗುತ್ತದೆ, 364 ದಿನಕ್ಕೆ ಹಾಕಿದವರದು ಹಳೆಯ ದರದಲ್ಲೇ ನಿಂತಿರುತ್ತದೆ. ಏರುವ ಕಾಲದಲ್ಲಿ ಇದರ ಉಲ್ಟಾ. ಆದರೂ ದರ ಊಹಿಸಿ ಅವಧಿ ಆರಿಸುವುದನ್ನು ನಾನು ಬಿಟ್ಟುಬಿಟ್ಟಿದ್ದೇನೆ. ಖರ್ಚಿನ ತಾರೀಖು ನೋಡಿ ಆರಿಸುತ್ತೇನೆ.

ಇಲ್ಲಿ ನಮ್ಮ ಬೆಳೆಯ ಕ್ಯಾಲೆಂಡರ್ ಕೆಲಸಕ್ಕೆ ಬರುತ್ತದೆ. ಜನವರಿ ಮೂರನೇ ವಾರ ತೊಗರಿ ಮಾರಿದ ರೊಕ್ಕವನ್ನು 91 ದಿನಕ್ಕೆ ಹಾಕಿದರೆ ಏಪ್ರಿಲ್ ಮೂರನೇ ವಾರ ಕೈಗೆ ಬರುತ್ತದೆ. ಅದು ಮದುವೆಗಳ ಕಾಲ. ಬಿತ್ತನೆಗೆ ಎಂದು ತೆಗೆದಿಟ್ಟದ್ದು ಉಡುಗೊರೆ, ಬಟ್ಟೆ, ಬಸ್ಸಿನ ಖರ್ಚಿನಲ್ಲಿ ಕರಗಿ, ಜೂನ್‌ನಲ್ಲಿ ಮತ್ತೆ ಸಾಲದ ಬಾಗಿಲು. ಇನ್ನೊಂದು ಸಲ 91 ದಿನಕ್ಕೆ ಹಾಕಿದರೆ ಜುಲೈ ಮೂರನೇ ವಾರ, ಆಗ ಬಿತ್ತನೆಯೇ ಮುಗಿದಿರುತ್ತದೆ. 182 ದಿನಕ್ಕೆ ಹಾಕಿದರೂ ಅದೇ ಜುಲೈ. ಆದ್ದರಿಂದ ಬೀಜ-ಗೊಬ್ಬರದ ಪಾಲನ್ನು ಫೆಬ್ರವರಿ ಕೊನೆಯ ವಾರ 91 ದಿನಕ್ಕೆ ಹಾಕಬೇಕು. ಅದು ಮೇ ಕೊನೆಗೆ, ಅಂಗಡಿಯಲ್ಲಿ ಬೀಜ ಬರುವ ಹೊತ್ತಿಗೆ ಸರಿಯಾಗಿ ಬರುತ್ತದೆ. ಜೂನ್‌ನ ಫೀಸಿನ ಪಾಲೂ ಇದರ ಜೊತೆಗೇ. ಜನವರಿಯ 182 ದಿನದ ಬಿಲ್ ಜುಲೈನಲ್ಲಿ ಬಂದರೆ ಕಳೆಯ ಕೂಲಿಗೆ, ಎಡೆ ಹೊಡೆಯುವುದಕ್ಕೆ ಒದಗುತ್ತದೆ. ಬೀದರ್ ಕಡೆ ಸೋಯಾ, ಉದ್ದು ಮಾರುವವರ ಲೆಕ್ಕ ಬೇರೆ. ಅಕ್ಟೋಬರ್‌ನಲ್ಲಿ ಹಾಕಿದ 182 ದಿನದ್ದು ಏಪ್ರಿಲ್‌ಗೆ ಬರುವುದರಿಂದ, ಮನೆಯಲ್ಲಿ ಮದುವೆ ನಿಶ್ಚಯವಾಗಿದ್ದರೆ ಅದಕ್ಕಿಂತ ಸರಿಯಾದ ಅವಧಿ ಇಲ್ಲ.

4 ಲಕ್ಷ ಬಂದರೆ 4 ಲಕ್ಷವನ್ನೂ ಹಾಕಬೇಡಿ. ಒಂದು ಲಕ್ಷವನ್ನಾದರೂ ಬ್ಯಾಂಕಿನಲ್ಲೇ ಬಿಡಿ. ಬಿಲ್ಲನ್ನು ಅವಧಿಗೆ ಮೊದಲು ಮಾರಲು ದಾರಿ ಇದೆ ಎಂಬುದು ನಿಜ, ಪೋರ್ಟಲ್‌ನಲ್ಲೇ ಮಾರಾಟದ ವಿಭಾಗವಿದೆ. ಆದರೆ ಹತ್ತು ಇಪ್ಪತ್ತು ಸಾವಿರದ ಸಣ್ಣ ಮೊತ್ತಕ್ಕೆ ಕೊಳ್ಳುವವರು ಬೇಕೆಂದ ಗಳಿಗೆಗೆ ಸಿಗುವುದಿಲ್ಲ, ಸಿಕ್ಕರೂ ಅವರು ಹೇಳಿದ ದರಕ್ಕೆ ಕೊಡಬೇಕು, ರೊಕ್ಕ ಬರುವುದು ಮುಂದಿನ ಕೆಲಸದ ದಿನ. ರಾತ್ರಿ ಆಸ್ಪತ್ರೆಗೆ ಓಡಬೇಕಾದಾಗ ಇದು ಉಪಯೋಗವಿಲ್ಲ. ಬ್ಯಾಂಕ್ ಎಫ್‌ಡಿಯನ್ನು ಸ್ವಲ್ಪ ದಂಡ ತೆತ್ತು ಅಂದೇ ಮುರಿಯಬಹುದು, ಅದರ ಮೇಲೆ ಸಾಲವೂ ಸಿಗುತ್ತದೆ. ಆಪತ್ತಿನ ರೊಕ್ಕಕ್ಕೆ ಎಫ್‌ಡಿಯೇ ಮೇಲು. ಇದರಲ್ಲಿ ನನಗೆ ಸಂಶಯವಿಲ್ಲ.

2025ರಲ್ಲಿ ಆಟೊ-ಬಿಡ್ಡಿಂಗ್ ಎಂಬ ಸೌಲಭ್ಯ ಬಂದಿದೆ. ಅವಧಿ ಮುಗಿದ ರೊಕ್ಕವನ್ನು ತಾನಾಗಿಯೇ ಮುಂದಿನ ಹರಾಜಿಗೆ ಹಾಕುವ ಆಯ್ಕೆ ಅದರಲ್ಲಿದೆ. ಪ್ರತಿ ತಿಂಗಳು ಸಂಬಳದಿಂದ ಉಳಿಸುವವರಿಗೆ ಇದು ಅನುಕೂಲ. ಬಿತ್ತನೆಯ ರೊಕ್ಕಕ್ಕೆ ಮಾತ್ರ ಇದನ್ನು ಹಚ್ಚಲೇಬಾರದು: ಮೇ ಕೊನೆಗೆ ಬರಬೇಕಾದದ್ದು ಮತ್ತೆ ಹದಿಮೂರು ವಾರಕ್ಕೆ ಹೋಗಿ ಕೂತರೆ ಮಳೆ ಕಾಯುವುದಿಲ್ಲ.

ತೆರಿಗೆಯ ಬಗ್ಗೆ ಎರಡು ತಪ್ಪು ತಿಳಿವಳಿಕೆ ನಮ್ಮಲ್ಲಿ ಬಹಳ. ಒಂದು, ಟಿಡಿಎಸ್ (ರೊಕ್ಕ ಕೊಡುವಾಗಲೇ ಹಿಡಿಯುವ ತೆರಿಗೆ) ಕಡಿಯುವುದಿಲ್ಲ ಎಂದರೆ ತೆರಿಗೆ ಇಲ್ಲ ಎಂದುಕೊಳ್ಳುವುದು. ಟಿಡಿಎಸ್ ಕಡಿಯುವುದಿಲ್ಲ, ಅದು ಸರಿ. ಲಾಭ ಮಾತ್ರ ನಿಮ್ಮ ಸ್ಲ್ಯಾಬ್ ದರದ ಆದಾಯವೇ. ಎರಡನೆಯದು, ಹೊಲದ ರೊಕ್ಕದಿಂದ ಕೊಂಡದ್ದು, ಆದ್ದರಿಂದ ಇದೂ ಕೃಷಿ ಆದಾಯ ಎನ್ನುವುದು. ತೊಗರಿ ಮಾರಿದ್ದು ಕೃಷಿ ಆದಾಯ. ಆ ರೊಕ್ಕ ಬಿಲ್ಲಿನಲ್ಲಿ ದುಡಿದು ತಂದ ಲಾಭ ಕೃಷಿ ಆದಾಯವಲ್ಲ. ಯಾವ ಶೀರ್ಷಿಕೆಯಲ್ಲಿ ತೋರಿಸಬೇಕು ಎಂದು ಆಡಿಟರ್ ಹತ್ತಿರ ಒಮ್ಮೆ ಮಾತಾಡಿ. ಅಲ್ಪಾವಧಿ ಬಂಡವಾಳ ಲಾಭ ಎಂದು ತೋರಿಸಿದರೆ ಐಟಿಆರ್-1 ಎಂಬ ಸರಳ ರಿಟರ್ನ್ ಫಾರಂ ನಡೆಯುವುದಿಲ್ಲ. ಕೃಷಿ ಆದಾಯ 5,000 ರೂಪಾಯಿ ದಾಟಿದವರಿಗೂ ಐಟಿಆರ್-1 ಇಲ್ಲ.

ಬಿಲ್ ಕೊಂಡದ್ದಕ್ಕೆ ಕಾಗದದ ಸರ್ಟಿಫಿಕೇಟ್ ಬರುವುದಿಲ್ಲ. ಪಾಸ್‌ಬುಕ್ಕಿನಲ್ಲಿ ರೊಕ್ಕ ಹೋದದ್ದು ಕಾಣುತ್ತದೆ, ಎಲ್ಲಿಗೆ ಹೋಯಿತು ಎಂದು ಮನೆಯವರಿಗೆ ತಿಳಿಯುವುದಿಲ್ಲ. ಅದಕ್ಕೆ ಒಂದು ನೋಟ್‌ಬುಕ್ ಸಾಕು. ಕೊಂಡ ಗುರುವಾರದ ತಾರೀಖು, ಎಷ್ಟು ದಿನದ್ದು, ಮುಖಬೆಲೆ, ಕೊಟ್ಟದ್ದು, ವಾಪಸಾದ ಹೆಚ್ಚುವರಿ, ಮುಗಿಯುವ ತಾರೀಖು, ಯಾವ ಖರ್ಚಿಗೆ ಎಂದು ಒಂದೊಂದು ಸಾಲು. ಮೊದಲ ಪುಟದಲ್ಲಿ ರಿಟೇಲ್ ಡೈರೆಕ್ಟ್ ಖಾತೆಯ ಸಂಖ್ಯೆ, ಜೋಡಿಸಿದ ಬ್ಯಾಂಕ್ ಖಾತೆ, ನಾಮಿನಿಯ ಹೆಸರು. ಪಾಸ್‌ವರ್ಡ್ ಬರೆಯಬೇಡಿ. ಆ ನೋಟ್‌ಬುಕ್ ಪಹಣಿ, ಪಾಸ್‌ಬುಕ್ ಇಡುವ ಚೀಲದಲ್ಲೇ ಇರಲಿ, ಎಲ್ಲಿದೆ ಎಂದು ನಾಮಿನಿಗೆ ಗೊತ್ತಿರಲಿ.