ಡ್ರಿಪ್ ಕಾಫಿ ಮೇಕರ್ ಅಟ್ಟಕ್ಕೆ ಹಾಕೋ ಮುಂಚೆ ಪುಡಿ, ನೀರು ಎರಡನ್ನೂ ನೋಡಿ

ಮನೆಗೆ ಡ್ರಿಪ್ ಕಾಫಿ ಮೇಕರ್ ತಂದೋರು ಮೊದಲ ದಿನವೇ ಮುಖ ಸಿಂಡರಿಸೋದು ಜಾಸ್ತಿ, "ಏನ್ರೀ ಇದು, ಕಾಫಿ ಬಣ್ಣದ ಬಿಸಿನೀರು" ಅಂತ, ಆಮೇಲೆ ಅದು ಸ್ವಲ್ಪ ದಿನ ಅಡುಗೆಮನೆ ಕಟ್ಟೆ ಮೇಲೆ ಧೂಳು ಹಿಡ್ಕೊಂಡು ಕೂತು ಕೊನೆಗೆ ಅಟ್ಟ ಸೇರುತ್ತೆ. ನಿಮ್ಮನೇಲೂ ಹಾಗೆ ಒಂದು ಇದ್ರೆ ಇಳಿಸಿ. ಬಹಳಷ್ಟು ಸಲ ಮಷಿನ್ನದು ಏನೂ ತಪ್ಪಿರಲ್ಲ. ನಾವು ಹಾಕೋ ಪುಡಿ ಸ್ಟೀಲ್ ಫಿಲ್ಟರ್‌ಗೆ ಅಂತ ಬೀಸಿದ್ದು, ಹಾಕೋ ನೀರು ಬೋರ್‌ವೆಲ್‌ದು, ಅದು ಪಾಪ ಏನು ಮಾಡುತ್ತೆ.

ಒಳಗೆ ಏನಿದೆ ಅಂತ ಒಂದ್ಸಲ ತಿಳ್ಕೊಂಡ್ರೆ ಮುಂದಿನದೆಲ್ಲ ಸುಲಭ. ಟ್ಯಾಂಕ್ ತಳದಲ್ಲಿ ಒಂದು ತೂತು, ಅಲ್ಲಿಂದ ನೀರು ಒನ್‌ವೇ ವಾಲ್ವ್ ದಾಟಿ ಕೆಳಗಿನ ಅಲ್ಯೂಮಿನಿಯಂ ಪೈಪಿಗೆ ಇಳಿಯುತ್ತೆ, ಆ ಪೈಪ್ ಹೀಟರ್‌ಗೆ ಅಂಟ್ಕೊಂಡೇ ಇರುತ್ತೆ. ನೀರು ಕುದ್ದು ಗುಳ್ಳೆ ಎದ್ದಾಗ ವಾಪಸ್ ಟ್ಯಾಂಕಿಗೆ ಹೋಗೋಕೆ ವಾಲ್ವ್ ಬಿಡಲ್ಲ, ಹಾಗಾಗಿ ಗುಳ್ಳೆಗಳು ಬಿಸಿನೀರನ್ನ ಮೇಲಕ್ಕೆ ತಳ್ಕೊಂಡು ಹೋಗಿ ಪುಡಿ ಮೇಲೆ ಬೀಳಿಸ್ತವೆ. ಗೊಳಗೊಳ ಅಂತ ಸದ್ದು ಬರೋದು ಅದಕ್ಕೇ. ಮಾಮೂಲಿ ಮನೆ ಮಷಿನ್‌ಗಳಲ್ಲಿ ಪಂಪ್ ಗಿಂಪ್ ಏನೂ ಇರಲ್ಲ, ಜಗ್ ಕೆಳಗಿನ ಬಿಸಿ ತಟ್ಟೆಗೂ ಅದೇ ಹೀಟರ್. ಮನೆಬಳಕೆಯ ಎಲೆಕ್ಟ್ರಿಕ್ ಡ್ರಿಪ್ ಮಷಿನ್ 1954ರಲ್ಲಿ ಜರ್ಮನಿಯಲ್ಲಿ ವಿಗೊಮ್ಯಾಟ್ ಅನ್ನೋ ಹೆಸರಲ್ಲಿ ಬಂತು, ಅಮೆರಿಕದ ಮನೆಮನೆಗೆ ಹೊಕ್ಕಿದ್ದು 1972ರಲ್ಲಿ ಮಿಸ್ಟರ್ ಕಾಫಿ ಬಂದ ಮೇಲೆ. ಅಂದ್ರೆ ಇದು ಕರೀ ಕಾಫಿ ಕುಡಿಯೋರಿಗೆ ಅಂತ ಹುಟ್ಟಿದ ಮಷಿನ್, ನಮ್ಮ ಹಾಲು ಡಿಕಾಕ್ಷನ್‌ಗೆ ಅಲ್ಲ. ಇದನ್ನ ನೆನಪಿಟ್ಕೊಳ್ಳಿ.

ಪ್ಲಗ್ ಹಾಕೋ ಮುಂಚೆ

ಮಷಿನ್ನಿನ ತಳ ತಿರುಗಿಸಿ ವೋಲ್ಟೇಜ್ ಓದಿ. ಅಮೆರಿಕದಿಂದ ಮಗಳೋ ಅಳಿಯನೋ ತಂದುಕೊಟ್ಟಿದ್ರೆ ಅದು 120 ವೋಲ್ಟ್‌ದು, ನಮ್ಮ ಮನೆ ಲೈನ್ 230. ಸುಮ್ನೆ ಪಿನ್ ಬದಲಾಯಿಸೋ ಅಡಾಪ್ಟರ್ ಹಾಕಿ ಚುಚ್ಚಿದ್ರೆ ಹೀಟರ್ ಮೇಲೆ ಬೀಳೋ ಲೋಡ್ ಎರಡು ಪಟ್ಟಲ್ಲ, ಮೂರೂವರೆ ಪಟ್ಟಿಗಿಂತ ಜಾಸ್ತಿ, ಮೊದಲ ಕಾಫಿ ಇಳಿಯೋ ಮುಂಚೆನೇ ಒಳಗಿನ ಫ್ಯೂಸ್ ಢಮಾರ್. ಮಷಿನ್ನಿನ ವಾಟೇಜ್‌ಗಿಂತ ಜಾಸ್ತಿ ತಡೆಯೋ, ವೋಲ್ಟೇಜ್ ಇಳಿಸೋ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕು, ಅದು ಇಟ್ಟಿಗೆಯಷ್ಟು ಭಾರ, ಅಷ್ಟು ದುಡ್ಡು ಕೊಡೋ ಬದಲು ಇಲ್ಲೇ ಒಂದು ತಗೊಳ್ಳೋದು ವಾಸಿ ಅಂತ ನನ್ನ ಅಭಿಪ್ರಾಯ. ಇಲ್ಲಿ ಸಿಗೋವು ಹೆಚ್ಚಿನವು 1000 ವಾಟ್ ಒಳಗೇ ಇರ್ತವೆ, 6 ಆಂಪಿಯರ್ ಸಾಕೆಟ್ ಸಾಕು, ಆದ್ರೆ ಅದೇ ಎಕ್ಸ್‌ಟೆನ್ಷನ್ ಬೋರ್ಡಲ್ಲಿ ಮಿಕ್ಸಿ, ಕೆಟಲ್ ಎಲ್ಲ ಒಟ್ಟಿಗೆ ಓಡಿಸ್ಬೇಡಿ.

ಹೊಸ ಮಷಿನ್ ಆದ್ರೆ ಪುಡಿ ಹಾಕದೆ ಬರೀ ನೀರಲ್ಲಿ ಎರಡು ಸಲ ಓಡಿಸಿ ಚೆಲ್ಲಿ, ಪ್ಲಾಸ್ಟಿಕ್ ವಾಸನೆ ಹೋಗುತ್ತೆ.

ಪುಡಿ ಅಂಗಡೀಲಿ ಏನು ಕೇಳ್ಬೇಕು

ಇಲ್ಲೇ ನೋಡಿ ಎಲ್ಲರೂ ಎಡವೋದು. ಅಂಗಡಿಯವರು ಕೇಳೋ ಮುಂಚೆನೇ ನೀವು ಹೇಳ್ಬೇಕು, ಇಲ್ಲಾಂದ್ರೆ ಅವರು ಅಭ್ಯಾಸದಂತೆ ಫಿಲ್ಟರ್ ಪುಡಿನೇ ಬೀಸಿ ಕೈಗೆ ಕೊಡ್ತಾರೆ. ಸ್ಟೀಲ್ ಫಿಲ್ಟರಲ್ಲಿ ಡಿಕಾಕ್ಷನ್ ನಿಧಾನಕ್ಕೆ ತೊಟ್ಟು ತೊಟ್ಟು ಇಳಿಯೋಕೆ ಬೇಕಾದಷ್ಟು ಟೈಮ್ ಇದೆ, ಅದಕ್ಕೆ ಅಲ್ಲಿ ನುಣ್ಣನೆ ಪುಡಿ ನಡೆಯುತ್ತೆ. ಮಷಿನ್ ಐದಾರು ನಿಮಿಷದಲ್ಲಿ ನೀರೆಲ್ಲ ಸುರಿದುಬಿಡುತ್ತೆ, ಪುಡಿ ನುಣ್ಣಗಿದ್ರೆ ನೀರು ಇಳಿಯೋಕೆ ದಾರಿ ಸಿಗದೆ ಪುಡಿ ಹಾಕೋ ಬ್ಯಾಸ್ಕೆಟ್ ತುಂಬಿ, ಗಸಿ ಸಮೇತ ಅಂಚಿಂದ ಹೊರಗೆ ಉಕ್ಕಿ ಕಟ್ಟೆ ಎಲ್ಲ ರಾಡಿ.

"ಎಲೆಕ್ಟ್ರಿಕ್ ಡ್ರಿಪ್ ಮಷಿನ್‌ಗೆ, ಸ್ವಲ್ಪ ದಪ್ಪಕ್ಕೆ ಬೀಸಿ" ಅನ್ನಿ. ಎಷ್ಟು ದಪ್ಪ ಅಂತ ಕೇಳಿದ್ರೆ, ಚಿರೋಟಿ ರವೆಗಿಂತ ದಪ್ಪ, ಉಪ್ಪಿಟ್ಟಿನ ರವೆಗಿಂತ ಸಣ್ಣ, ಬೆರಳಲ್ಲಿ ಉಜ್ಜಿದ್ರೆ ತರಿ ಸಿಗಬೇಕು ಅಂತ ಹೇಳಿ, ಅರ್ಥ ಆಗುತ್ತೆ.

ಇನ್ನು ಚಿಕೋರಿ. ಕಾಫಿ ಚಿಕೋರಿ ಮಿಶ್ರಣದಲ್ಲಿ ಕಾಫಿ ಕನಿಷ್ಠ 51 ಪರ್ಸೆಂಟ್ ಇರ್ಬೇಕು ಅಂತ ನಮ್ಮ ಆಹಾರ ನಿಯಮ, ಅಂದ್ರೆ 49ರವರೆಗೂ ಚಿಕೋರಿ ಹಾಕಿ ಮಾರ್ಬಹುದು, ಪ್ಯಾಕೆಟ್ ಮೇಲೆ ಬರ್ದಿರ್ತಾರೆ, ಓದಿ. ಚಿಕೋರಿ ನೀರು ಬಿದ್ದ ತಕ್ಷಣ ಮೆತ್ತಗಾಗಿ ಪೇಪರ್ ಫಿಲ್ಟರನ್ನ ಮುಚ್ಚಿಬಿಡುತ್ತೆ. ಮಷಿನ್‌ಗೆ ಪ್ಯೂರ್ ಕಾಫಿನೇ ಒಳ್ಳೇದು, ಚಿಕೋರಿ ಇಲ್ದೆ ಗಂಟಲಲ್ಲಿ ಇಳಿಯಲ್ಲ ಅನ್ನೋರು 10 ಪರ್ಸೆಂಟ್‌ಗೆ ನಿಲ್ಲಿಸಿ. ಬೀಜ ಯಾವ್ದು ಅಂದ್ರೆ, ಪ್ಲಾಂಟೇಷನ್ ಎ ಅನ್ನೋ ದರ್ಜೆ ಅರೇಬಿಕಾ ಜಾತಿದೇ, ಪೀಬೆರಿ ಅನ್ನೋ ದುಂಡು ಬೀಜ ಅರೇಬಿಕಾದಲ್ಲೂ ರೋಬಸ್ಟಾ ಜಾತಿಯಲ್ಲೂ ಸಿಗುತ್ತೆ, ಅರೇಬಿಕಾದ್ದು ಕೇಳಿ. ಹಾಲು ಹಾಕೋರು ಅದರ ಜೊತೆ ಕಾಲು ಭಾಗ ರೋಬಸ್ಟಾ ಸೇರಿಸ್ಕೊಂಡ್ರೆ ಗಟ್ಟಿತನ ಬರುತ್ತೆ. ಒಂದೇ ಸಲ ಕೆಜಿ ತರಬೇಡಿ, ವಾರ ಹತ್ತು ದಿನಕ್ಕಾಗೋಷ್ಟು ತಂದು ಗಾಳಿಯಾಡದ ಡಬ್ಬೀಲಿ ಇಡಿ.

ಅಳತೆ

ಜಗ್ ಮೇಲೆ 10 ಕಪ್ ಅಂತ ಗೆರೆ ಇರುತ್ತಲ್ಲ, ಆ ಕಪ್ ನಿಮ್ಮ ಮಗ್ ಅಲ್ಲ, ಕಂಪನಿ ಲೆಕ್ಕದಲ್ಲಿ ಒಂದು ಕಪ್ 125ರಿಂದ 150 ಎಂಎಲ್. ಕರೀ ಕಾಫಿ ಕುಡಿಯೋರಿಗೆ ಒಂದು ಲೀಟರ್ ನೀರಿಗೆ 55ರಿಂದ 60 ಗ್ರಾಂ ಪುಡಿ. ಹಾಲಿನ ಕಾಫಿಗೆ ಈ ಲೆಕ್ಕ ಹಿಡಿದ್ರೆ ಮೊದ್ಲು ಹೇಳಿದ ಬಿಸಿನೀರೇ ಗತಿ. ನಾಲ್ಕು ಲೋಟ ಕಾಫಿಗೆ 400 ಎಂಎಲ್ ನೀರು, 40 ಗ್ರಾಂ ಪುಡಿ, ಅಂದ್ರೆ ತಲೆ ಸವರಿದ ಏಳೆಂಟು ಟೇಬಲ್ ಸ್ಪೂನ್. ಪುಡಿ ತನ್ನ ತೂಕದ ಎರಡರಷ್ಟು ನೀರು ಹೀರ್ಕೊಳ್ಳುತ್ತೆ, ಹಾಗಾಗಿ ಕೆಳಗೆ ಸಿಗೋದು ಸುಮಾರು 320 ಎಂಎಲ್ ಡಿಕಾಕ್ಷನ್, ಅರ್ಧಕ್ಕರ್ಧ ಗಟ್ಟಿ ಹಾಲು ಹಾಕಿದ್ರೂ ತಡೆಯುತ್ತೆ. ದರ್ಶಿನಿ ಕಾಫಿಯ ಗಟ್ಟಿತನ ಬರಲ್ಲ, ಅದನ್ನ ಬಯಸೋದೂ ಬೇಡ, ಅದು ಬೇಕಂದ್ರೆ ಅಜ್ಜಿ ಕಾಲದ ಹಿತ್ತಾಳೆ ಫಿಲ್ಟರೇ ಸರಿ.

ಬ್ಯಾಸ್ಕೆಟ್ ಮುಕ್ಕಾಲಿಗಿಂತ ಜಾಸ್ತಿ ತುಂಬ್ಬೇಡಿ, ಪುಡಿ ಉಬ್ಬುತ್ತೆ.

ಸ್ವಿಚ್ ಹಾಕಿದ ಮೇಲೆ

ಪೇಪರ್ ಫಿಲ್ಟರ್ ಆದ್ರೆ ಅದರ ಹೊಲಿಗೆ ಅಂಚನ್ನ ಮಡಚಿ ಕೂರಿಸಿ, ಸ್ವಲ್ಪ ಬಿಸಿನೀರಲ್ಲಿ ತೋಯಿಸಿ, ಕಾಗದದ ವಾಸನೆ ಹೋಗುತ್ತೆ. ಪುಡಿ ಹಾಕಿ ಒಂದ್ಸಲ ಅಲ್ಲಾಡಿಸಿ ಸಮ ಮಾಡಿ, ಒತ್ತಬೇಡಿ, ಇದು ಸ್ಟೀಲ್ ಫಿಲ್ಟರ್ ಅಲ್ಲ. ಸ್ವಿಚ್ ಹಾಕಿ, ಪುಡಿ ಪೂರ್ತಿ ಒದ್ದೆ ಆಗೋವಷ್ಟು ನೀರು ಬಿದ್ದ ತಕ್ಷಣ ಆಫ್ ಮಾಡಿ ಅರ್ಧ ನಿಮಿಷ ಬಿಡಿ. ತಾಜಾ ಪುಡಿ ಆಗಿದ್ರೆ ಮೇಲೆ ನೊರೆ ಎದ್ದು ಉಬ್ಬೋದು ಕಾಣುತ್ತೆ, ಹುರಿದಾಗ ಒಳಗೆ ಸೇರಿದ್ದ ಗ್ಯಾಸ್ ಹೊರಗೆ ಬರ್ತಿದೆ ಅಂತ ಅರ್ಥ, ಅದು ಹೋದ ಮೇಲೆ ನೀರು ಪುಡಿಯೊಳಗೆ ಚೆನ್ನಾಗಿ ಇಳಿಯುತ್ತೆ. ಮತ್ತೆ ಆನ್ ಮಾಡಿ. ಈ ಒಂದು ಆಫ್ ಆನ್‌ಗೆ ರುಚಿ ಎಷ್ಟು ಬದಲಾಗುತ್ತೆ ಅಂತ ಮಾಡಿಯೇ ನೋಡಿ. ಪೂರ್ತಿ ಇಳಿದ ಮೇಲೆ ಜಗ್ ಒಳಗೆ ಒಂದು ಚಮಚ ಆಡಿಸಿ, ಮೊದ್ಲು ಇಳಿದಿದ್ದು ಗಟ್ಟಿ, ಕೊನೆಗೆ ಇಳಿದಿದ್ದು ನೀರು, ಬೆರೆಸದೆ ಬಗ್ಗಿಸಿದ್ರೆ ಒಬ್ಬರಿಗೆ ಕಹಿ ಇನ್ನೊಬ್ಬರಿಗೆ ಸಪ್ಪೆ.

ಬಿಸಿ ತಟ್ಟೆ ಮೇಲೆ ಗಂಟೆಗಟ್ಲೆ ಬಿಡಬೇಡಿ. ಅರ್ಧ ಗಂಟೆ ದಾಟಿದ್ರೆ ಸುಟ್ಟ ಕಹಿ ಬರುತ್ತೆ, ತಕ್ಷಣ ಫ್ಲಾಸ್ಕ್‌ಗೆ ಹಾಕಿ ತಟ್ಟೆ ಆಫ್ ಮಾಡಿ.

ಮತ್ತೆ ಒಂದು ಮಾತು, ಕಾಫಿ ಮಾಡುವಾಗ ಟ್ಯಾಂಕಿಗೆ ನೀರು ಬಿಟ್ಟು ಬೇರೇನೂ ಹಾಕಬಾರದು. ಹಾಲು ಹಾಕೋರಿದ್ದಾರೆ, ಡಿಕಾಕ್ಷನ್ ಗಟ್ಟಿ ಆಗ್ಲಿ ಅಂತ ಇಳಿದಿದ್ದನ್ನೇ ವಾಪಸ್ ಟ್ಯಾಂಕಿಗೆ ಸುರಿಯೋರೂ ಇದ್ದಾರೆ. ಆ ಸಣ್ಣ ಪೈಪ್ ಒಳಗೆ ಬ್ರಷ್ ಹೋಗಲ್ಲ, ಹಾಲು ಹೆಪ್ಪುಗಟ್ಟಿ ಸೀದುಹೋದ್ರೆ ಮಷಿನ್ ಕಥೆ ಅಲ್ಲಿಗೆ ಮುಗೀತು.

ದಿನದ ತೊಳೆಯೋದು

ಗಸಿನ ಆಗಲೇ ತೆಗೆದು ಗಿಡದ ಬುಡಕ್ಕೆ ಹಾಕಿ, ರಾತ್ರಿಯೆಲ್ಲ ಬಿಟ್ರೆ ನಮ್ಮ ಹವೆಗೆ ಬೇಗ ಬೂಷ್ಟು ಬರುತ್ತೆ, ಜಿರಲೆನೂ ಬರುತ್ತೆ. ಬ್ಯಾಸ್ಕೆಟ್, ಜಗ್ ಎರಡನ್ನೂ ಪಾತ್ರೆ ಸೋಪಲ್ಲೇ ತೊಳೀಬೇಕು, ಬರೀ ನೀರಲ್ಲಿ ಜಾಲಿಸಿದ್ರೆ ಕಾಫಿ ಎಣ್ಣೆ ಅಂಶ ಹೋಗಲ್ಲ, ಅದು ಕಮಟು ಹಿಡಿದು ಮಾರನೇ ದಿನದ ಕಾಫಿ ಕೆಡಿಸುತ್ತೆ. ಬ್ಯಾಸ್ಕೆಟ್ ತಳದಲ್ಲಿ ಸ್ಪ್ರಿಂಗ್ ಇರೋ ಒಂದು ಪುಟ್ಟ ಮುಚ್ಚಳ ಇರುತ್ತೆ, ಜಗ್ ತೆಗೆದಾಗ ಕಾಫಿ ತೊಟ್ಟಿಕ್ಕದ ಹಾಗೆ ತಡೆಯೋದು. ಅದನ್ನ ಬೆರಳಲ್ಲಿ ಒತ್ತಿ ನಲ್ಲಿ ಕೆಳಗೆ ಹಿಡೀರಿ, ಒಂದು ತರಿ ಸಿಕ್ಕಿಕೊಂಡ್ರೂ ಅದು ತೆರೆಯಲ್ಲ, ಮತ್ತೆ ಉಕ್ಕೋದೇ. ಗಾಜಿನ ಜಗ್‌ಗೆ ಸ್ಟೀಲ್ ಉಜ್ಜೋದು ಬೇಡ, ಕಲೆ ಇದ್ರೆ ಅಡುಗೆ ಸೋಡಾ ಸಾಕು. ಬಿಸಿ ಜಗ್‌ಗೆ ತಣ್ಣೀರು ಹಾಕಿದ್ರೆ ಸೀಳುತ್ತೆ. ಟ್ಯಾಂಕ್ ಮುಚ್ಚಳ ತೆರೆದಿಟ್ಟು ಒಣಗಿಸಿ.

ಬಿಳಿ ಪದರ ತೆಗೆಯೋದು

ಬೋರ್ ನೀರಿನ ಮನೆಯವರು ಸ್ನಾನದ ಬಕೆಟ್ ನೋಡಿದ್ರೆ ಗೊತ್ತಾಗುತ್ತೆ, ಅದೇ ಬಿಳಿ ಪದರ ಪೈಪ್ ಒಳಗೂ ಕಟ್ಟುತ್ತೆ. ಮುಖ್ಯವಾಗಿ ಸುಣ್ಣದ ಅಂಶ, ಬಿಸಿಯನ್ನ ನೀರಿಗೆ ಹೋಗೋಕೆ ಬಿಡಲ್ಲ, ಹೀಟರ್ ಕಾದು ನೀರು ಮೇಲೇರೋ ಮುಂಚೆನೇ, ಬಿಸಿ ಜಾಸ್ತಿ ಆದಾಗ ಕರೆಂಟ್ ನಿಲ್ಲಿಸೋ ಥರ್ಮೋಸ್ಟಾಟ್ ಕಟ್ ಆಗುತ್ತೆ. ಮೊದಲಿಗಿಂತ ಟೈಮ್ ಜಾಸ್ತಿ ಹಿಡಿದ್ರೆ, ಆವಿ ಜಾಸ್ತಿ ಸದ್ದು ಜಾಸ್ತಿ ಆದ್ರೆ, ಟ್ಯಾಂಕಲ್ಲಿ ನೀರು ಉಳಿದ್ರೆ ಪದರ ಕಟ್ಟಿದೆ ಅಂತಲೇ.

ಒಂದು ಲೀಟರ್ ನೀರಿಗೆ ಎರಡು ಟೇಬಲ್ ಸ್ಪೂನ್ ಸಿಟ್ರಿಕ್ ಆಸಿಡ್, ದಿನಸಿ ಅಂಗಡೀಲಿ ನಿಂಬೆ ಉಪ್ಪು ಅಂದ್ರೂ ಕೊಡ್ತಾರೆ. ಕರಗಿಸಿ ಟ್ಯಾಂಕಿಗೆ ಹಾಕಿ, ಅರ್ಧ ಇಳಿದ ಮೇಲೆ ಆಫ್ ಮಾಡಿ, ಅರ್ಧ ಗಂಟೆ ಬಿಟ್ಟು ಮಿಕ್ಕಿದ್ದು ಓಡಿಸಿ. ಜಗ್‌ಗೆ ಬಿಳಿ ಚೂರು ಬಂದ್ರೆ ಗಾಬರಿ ಬೇಡ, ಕೆಲಸ ಆಗ್ತಿದೆ. ಆಮೇಲೆ ಮೂರು ಸಲ ಬರೀ ನೀರು. ವಿನೆಗರ್ ಆದ್ರೂ ನಡೆಯುತ್ತೆ, ಅರ್ಧ ನೀರು ಅರ್ಧ ವಿನೆಗರ್, ವಾಸನೆ ಮಾತ್ರ ಎರಡು ದಿನ ಹೋಗಲ್ಲ. ಟಾಯ್ಲೆಟ್ ಕ್ಲೀನರ್ ಆಸಿಡ್ ಮಾತ್ರ ಹತ್ರ ತರಬೇಡಿ, ಒಳಗಿರೋದು ಅಲ್ಯೂಮಿನಿಯಂ, ತೂತು ಬೀಳುತ್ತೆ, ಅಲ್ಲದೆ ನಾಳೆ ಅದ್ರಲ್ಲೇ ಕಾಫಿ ಕುಡಿಯೋರು ನೀವೇ. ಬೋರ್ ನೀರಾದ್ರೆ ತಿಂಗಳಿಗೊಮ್ಮೆ, ಕಾವೇರಿ ನೀರಾದ್ರೆ ಎರಡು ಮೂರು ತಿಂಗಳಿಗೊಮ್ಮೆ ಮಾಡಿ.

ಪೂರ್ತಿ ಆರ್‌ಒ ನೀರು ಹಾಕಿದ್ರೆ ಪದರದ ಕಾಟ ತಪ್ಪುತ್ತೆ ನಿಜ, ಆದ್ರೆ ಲವಣ ಇಲ್ದೇ ಇರೋ ನೀರಲ್ಲಿ ಕಾಫಿ ಸಪ್ಪೆ, ಅರ್ಧ ಆರ್‌ಒ ಅರ್ಧ ನಲ್ಲಿ ನೀರು ಹಾಕಿ. ಆರ್‌ಒ ಇಲ್ದೋರು ಬೋರ್ ನೀರನ್ನ ಕುದಿಸಿ ಆರಿಸಿ ತಳದ ಬಿಳಿ ಬಿಟ್ಟು ಮೇಲಿನದನ್ನ ಬಗ್ಗಿಸ್ಕೊಳ್ಳಿ.

ಕೆಟ್ರೆ

ತಟ್ಟೆ ಬಿಸಿ ಆಗುತ್ತೆ ನೀರು ಬರಲ್ಲ ಅಂದ್ರೆ ವಾಲ್ವ್ ಅಂಟಿಕೊಂಡಿದೆ ಅಥವಾ ಪೈಪ್ ಕಟ್ಟಿದೆ, ನಿಂಬೆ ಉಪ್ಪಿನ ನೀರು ಟ್ಯಾಂಕಲ್ಲಿ ರಾತ್ರಿಯೆಲ್ಲ ಬಿಟ್ಟು ನೋಡಿ. ಲೈಟೇ ಬರಲ್ಲ, ತಟ್ಟೆನೂ ತಣ್ಣಗೆ ಅಂದ್ರೆ ಮೊದ್ಲು ಸಾಕೆಟ್ ಪರೀಕ್ಷೆ ಮಾಡಿ, ಅದು ಸರಿ ಇದ್ರೆ ಹೆಚ್ಚಾಗಿ ಥರ್ಮಲ್ ಫ್ಯೂಸ್ ಹೋಗಿರುತ್ತೆ. ಮಿಕ್ಸಿ ರಿಪೇರಿಯವರ ಹತ್ರ ತಗೊಂಡು ಹೋಗಿ, ಅದೇ ಡಿಗ್ರಿ ಅದೇ ಆಂಪಿಯರ್‌ದು ಹಾಕ್ಸಿ, ಫ್ಯೂಸ್ ಯಾಕೆ ಸಾರ್ ಡೈರೆಕ್ಟ್ ತಂತಿ ಜೋಡಿಸಿ ಕೊಡ್ತೀನಿ ಅಂದ್ರೆ ಬೇಡ ಅನ್ನಿ, ಥರ್ಮೋಸ್ಟಾಟ್ ಕೈಕೊಟ್ಟ ದಿನ ಹೀಟರ್ ನಿಲ್ಲಿಸೋಕೆ ಇರೋದು ಅದೊಂದೇ.