ಗಡ್ಡ ತೆಗೆದು ಬನ್ನಿ ಎಂದರೆ ನೌಕರರು ಏನು ಮಾಡಬೇಕು?

"ನಾಳೆಯಿಂದ ಕ್ಲೀನ್ ಶೇವ್ ಮಾಡ್ಕೊಂಡು ಬನ್ನಿ" ಎಂದು ಮ್ಯಾನೇಜರ್ ಹೇಳಿದ ತಕ್ಷಣ ರೇಜರ್ ಹುಡುಕಬೇಕಾಗಿಲ್ಲ, ಜಗಳಕ್ಕೆ ನಿಲ್ಲಬೇಕಾಗಿಯೂ ಇಲ್ಲ. ಗಡ್ಡ ಇಡುವುದು ನೌಕರನ ಹಕ್ಕು ಎನ್ನುವ ಕಾಯ್ದೆಯಾಗಲಿ, ತೆಗೆಸುವುದು ಮಾಲೀಕನ ಹಕ್ಕು ಎನ್ನುವ ಕಾಯ್ದೆಯಾಗಲಿ ಭಾರತದಲ್ಲಿಲ್ಲ. ಮಾಲೀಕರು ನಿಯಮ ಮಾಡಬಹುದು. ಆ ನಿಯಮ ಎಲ್ಲಿ ಬರೆದಿದೆ, ನೀವು ಮಾಡುವ ಕೆಲಸಕ್ಕೂ ಅದಕ್ಕೂ ಏನು ಸಂಬಂಧ, ಮೀರಿದವರಿಗೆ ಏನು ಶಿಕ್ಷೆ ಎಂಬ ಪ್ರಶ್ನೆ ಬಂದಾಗಲೇ ಕಾನೂನು ನಡುವೆ ಬರುವುದು. ಇಂಥ ವ್ಯಾಜ್ಯಗಳಲ್ಲಿ ಗೆಲುವು ಸೋಲು ಬಹುಮಟ್ಟಿಗೆ ಕಾಗದದ ಮೇಲೆ ತೀರ್ಮಾನವಾಗುತ್ತದೆ. ಆದ್ದರಿಂದ ಮೊದಲ ದಿನದಿಂದಲೇ ಕಾಗದ ಕೂಡಿಡಿ.

ನಿಮ್ಮ ಮಾಲೀಕರು ಯಾರು?

ಸೇನೆ, ಅರೆಸೇನೆ, ಪೊಲೀಸ್ ಆದರೆ ದಾರಿ ಕಿರಿದು. ಸಂವಿಧಾನದ 33ನೇ ವಿಧಿಯೇ ಈ ಪಡೆಗಳ ಸಿಬ್ಬಂದಿಯ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವ ಅಧಿಕಾರವನ್ನು ಸಂಸತ್ತಿಗೆ ಕೊಟ್ಟಿದೆ. ವಾಯುಪಡೆಯ ಮುಸ್ಲಿಂ ಸಿಬ್ಬಂದಿಯ ಗಡ್ಡದ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2016ರ ಡಿಸೆಂಬರ್ 15ರಂದು ವಾಯುಪಡೆಯ ಪರವಾಗಿ ತೀರ್ಪು ಕೊಟ್ಟಿತು. ಅದು ನಿಂತಿದ್ದು ವಾಯುಪಡೆ ನಿಯಮಾವಳಿ 1964ರ 425ನೇ ನಿಯಮದ ಮೇಲೆ. ಕೂದಲು ಕತ್ತರಿಸುವುದನ್ನು ಅಥವಾ ಮುಖಕ್ಷೌರವನ್ನು ಧರ್ಮವೇ ನಿಷೇಧಿಸಿದ್ದರೆ ಮಾತ್ರ ಅಲ್ಲಿ ವಿನಾಯಿತಿ. ಅಂಥ ನಿಷೇಧವನ್ನು ಅರ್ಜಿದಾರರಿಗೆ ತೋರಿಸಲಾಗಲಿಲ್ಲ. 2021ರ ಆಗಸ್ಟ್‌ನಲ್ಲಿ ಅಲಹಾಬಾದ್ ಹೈಕೋರ್ಟಿನ ಲಖನೌ ಪೀಠವೂ ಪೊಲೀಸ್ ಕಾನ್‌ಸ್ಟೆಬಲ್ ಒಬ್ಬರ ಗಡ್ಡಕ್ಕೆ ಧಾರ್ಮಿಕ ಸ್ವಾತಂತ್ರ್ಯ ಕೊಡುವ 25ನೇ ವಿಧಿಯ ರಕ್ಷಣೆ ಇಲ್ಲವೆಂದಿತು.

ಆದರೆ 2024ರ ಜುಲೈನಲ್ಲಿ ಮದ್ರಾಸ್ ಹೈಕೋರ್ಟಿನ ಮದುರೈ ಪೀಠ ಉಲ್ಟಾ ಹೊಡೆಯಿತು. ಗಡ್ಡ ಬಿಟ್ಟರು, ರಜೆ ಮುಗಿದ ಮೇಲೆ ತಡವಾಗಿ ಬಂದರು ಎಂದು ಮುಸ್ಲಿಂ ಪೊಲೀಸ್ ಒಬ್ಬರ ಇನ್‌ಕ್ರಿಮೆಂಟ್ ತಡೆಹಿಡಿದಿದ್ದ ಶಿಕ್ಷೆಯನ್ನು ರದ್ದುಪಡಿಸಿತು. ಕಾರಣ ಸರಳ: 1957ರ ಮದ್ರಾಸ್ ಪೊಲೀಸ್ ಗೆಜೆಟ್‌ನಲ್ಲಿ ಮುಸ್ಲಿಂ ಸಿಬ್ಬಂದಿ ಗಡ್ಡ ಇಡಬಹುದು ಎಂದು ಬರೆದಿತ್ತು. ಅದೇ ಖಾಕಿ, ಅದೇ ಗಡ್ಡ, ಬೇರೆ ತೀರ್ಪು. ನೀವು ಪಡೆಯಲ್ಲಿದ್ದರೆ ಮೊದಲು ನಿಮ್ಮ ಮ್ಯಾನುಯಲ್, ಹಳೆಯ ಸುತ್ತೋಲೆಗಳನ್ನು ಹುಡುಕಿಸಿ. ಸಿಕ್ಕ ಮೇಲೂ ಲಿಖಿತ ಅನುಮತಿ ಪಡೆದೇ ಗಡ್ಡ ಬಿಡಿ. ಬಿಟ್ಟ ಮೇಲೆ ಅನುಮತಿ ಕೇಳಿದರೆ ಅದು ಶಿಸ್ತಿನ ಪ್ರಶ್ನೆಯಾಗಿಬಿಡುತ್ತದೆ. (ಮೀಸೆಯ ಲೆಕ್ಕವೇ ಬೇರೆ. ಉತ್ತರ ಪ್ರದೇಶದ ಸಶಸ್ತ್ರ ಪೊಲೀಸ್ ಪಡೆ ಪಿಎಸಿ ಮೀಸೆ ಬೆಳೆಸಿದವರಿಗೆ ಭತ್ಯೆಯನ್ನೇ ಕೊಡುತ್ತದೆ.)

ಸರ್ಕಾರಿ ಕಚೇರಿ, ನಿಗಮ, ಸಾರ್ವಜನಿಕ ವಲಯದ ಬ್ಯಾಂಕು ಇವೆಲ್ಲ 12ನೇ ವಿಧಿಯ 'ರಾಜ್ಯ'ದೊಳಗೆ ಬರುತ್ತವೆ. ಮನಸ್ಸಿಗೆ ಬಂದಂತೆ ಮಾಡಿದ ನಿಯಮವನ್ನು ಸಮಾನತೆಯ 14ನೇ ವಿಧಿಯಡಿ ಪ್ರಶ್ನಿಸಿ ಹೈಕೋರ್ಟಿಗೆ ರಿಟ್ ಅರ್ಜಿ ಹಾಕಬಹುದು.

ಖಾಸಗಿ ಕಂಪನಿಯ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. "ಇದು ನನ್ನ ಧಾರ್ಮಿಕ ಸ್ವಾತಂತ್ರ್ಯ" ಎಂದು 25ನೇ ವಿಧಿ ಉಲ್ಲೇಖಿಸಿ ಎಚ್‌ಆರ್‌ಗೆ ಮೇಲ್ ಬರೆಯುತ್ತಾರೆ. ಆ ಹಕ್ಕು ಮುಖ್ಯವಾಗಿ ಸರ್ಕಾರದ ವಿರುದ್ಧ ಇರುವಂಥದ್ದು. ಖಾಸಗಿ ಉದ್ಯೋಗದಲ್ಲಿ ಧರ್ಮದ ಆಧಾರದ ತಾರತಮ್ಯವನ್ನು ತಡೆಯುವ ಸಮಗ್ರ ಕಾಯ್ದೆ ನಮ್ಮಲ್ಲಿ ಇನ್ನೂ ಬಂದಿಲ್ಲ. ಅಂಗವೈಕಲ್ಯಕ್ಕೆ 2016ರ ಕಾಯ್ದೆ, ಲಿಂಗತ್ವ ಅಲ್ಪಸಂಖ್ಯಾತರಿಗೆ 2019ರ ಕಾಯ್ದೆ ಇವೆ. ಹುಟ್ಟಿದಾಗ ದಾಖಲಾದ ಲಿಂಗದ ಪ್ರಕಾರವೇ ಕೂದಲು, ಉಡುಪು ಇರಬೇಕು ಎಂದು ಲಿಂಗತ್ವ ಅಲ್ಪಸಂಖ್ಯಾತ ನೌಕರರನ್ನು ಒತ್ತಾಯಿಸಿದರೆ ಈ ಎರಡನೆಯದು ಕೈಹಿಡಿಯುತ್ತದೆ. ಉಳಿದವರು ಕಾರ್ಮಿಕ ಕಾನೂನಿನ ದಾರಿಯಲ್ಲೇ ಹೋಗಬೇಕು. ಆ ದಾರಿ ಅಷ್ಟೇನೂ ಕೆಟ್ಟದ್ದಲ್ಲ.

ನಿಯಮ ಎಲ್ಲಿದೆ, ತೋರಿಸಿ

ಆಫರ್ ಲೆಟರ್, ನೇಮಕಾತಿ ಪತ್ರ, ಎಚ್‌ಆರ್ ಪೋರ್ಟಲ್‌ನ ಗ್ರೂಮಿಂಗ್ ಪಾಲಿಸಿ, ಕಾರ್ಖಾನೆಯಾದರೆ ಸ್ಥಾಯಿ ಆದೇಶಗಳು, ಅಂದರೆ ಕೆಲಸದ ಷರತ್ತು, ಶಿಸ್ತಿನ ಲಿಖಿತ ನಿಯಮಗಳಾದ ಸ್ಟ್ಯಾಂಡಿಂಗ್ ಆರ್ಡರ್ಸ್. ಇವನ್ನು ಮುಂದಿಟ್ಟುಕೊಂಡು 'ಗಡ್ಡ', 'ಕೂದಲು', 'ಗ್ರೂಮಿಂಗ್', 'ಸಮವಸ್ತ್ರ' ಎಂಬ ಪದಗಳನ್ನು ಹುಡುಕಿ. ಪೋರ್ಟಲ್‌ನಲ್ಲಿರುವುದನ್ನು ದಿನಾಂಕ ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ. ತಕರಾರು ಶುರುವಾದ ಮೇಲೆ ಪಾಲಿಸಿ ತಿದ್ದುಪಡಿಯಾಗಿ, ಮೊದಲಿಂದಲೂ ಹಾಗೇ ಇತ್ತೆಂದು ವಾದಿಸುವುದುಂಟು.

ವಿಮಾನಯಾನ, ಸ್ಟಾರ್ ಹೋಟೆಲು, ಸೆಕ್ಯುರಿಟಿ ಏಜೆನ್ಸಿಗಳಲ್ಲಿ ಈ ಷರತ್ತು ಸೇರುವಾಗಲೇ ಇರುತ್ತದೆ. ಸಹಿ ಹಾಕಿ ಸೇರಿದವರು ಆಮೇಲೆ ಪ್ರಶ್ನಿಸುವುದು ಕಷ್ಟ, ಆದ್ದರಿಂದ ಸಂದರ್ಶನದಲ್ಲೇ ಕೇಳಿಬಿಡಿ.

ಸೇರುವಾಗ ಇಲ್ಲದ ನಿಯಮ ಈಗ ಬಂದಿದೆಯೇ? ಹಾಗಿದ್ದರೆ ಇಲ್ಲೊಂದು ಬಲವಾದ ಹಿಡಿ ಇದೆ. ಹೊಸ ಶಿಸ್ತಿನ ನಿಯಮ ತರುವುದು ಅಥವಾ ಇರುವುದನ್ನು ಬದಲಿಸುವುದು ಹಳೆಯ ಕೈಗಾರಿಕಾ ವಿವಾದ ಕಾಯ್ದೆಯ ನಾಲ್ಕನೇ ಅನುಸೂಚಿಯಲ್ಲಿತ್ತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯ ಮೂರನೇ ಅನುಸೂಚಿಯಲ್ಲೂ ಇದೆ. ಸ್ಥಾಯಿ ಆದೇಶದಲ್ಲಿ ಮೊದಲೇ ಇಲ್ಲದ ಇಂಥ ಬದಲಾವಣೆಗೆ ಕಾರ್ಮಿಕರಿಗೆ 21 ದಿನದ ನೋಟಿಸ್ ಕೊಡಬೇಕು. ವಾಟ್ಸಾಪ್ ಗ್ರೂಪಿನಲ್ಲಿ ರಾತ್ರಿ ಹಾಕಿ ಬೆಳಿಗ್ಗೆ ಗೇಟಿನಲ್ಲಿ ನಿಲ್ಲಿಸಿದರೆ ಆ ನೋಟಿಸ್ ಕೊಟ್ಟಂತಾಗಲಿಲ್ಲ. ನೆನಪಿರಲಿ, ಇದು 'ಕಾರ್ಮಿಕ' ವ್ಯಾಖ್ಯೆಯೊಳಗೆ ಬರುವವರಿಗೆ ಮಾತ್ರ, ಮ್ಯಾನೇಜರ್ ದರ್ಜೆಯವರಿಗಲ್ಲ.

ಸ್ಥಾಯಿ ಆದೇಶಗಳು ಹೊಸ ಸಂಹಿತೆಯಲ್ಲಿ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಡೆ ಕಡ್ಡಾಯ. ಅವುಗಳ ದುರ್ನಡತೆ ಪಟ್ಟಿಯಲ್ಲಿ ಸಾಮಾನ್ಯವಾಗಿ ಸಿಗುವುದು ಮೇಲಧಿಕಾರಿಯ 'ಕಾನೂನುಬದ್ಧ ಮತ್ತು ಸಮಂಜಸ' ಆದೇಶವನ್ನು ಬೇಕೆಂದೇ ಧಿಕ್ಕರಿಸುವುದು ಎಂಬ ಸಾಲು. ಗಡ್ಡದ ಕೇಸುಗಳನ್ನೆಲ್ಲ ಇದರಡಿಯೇ ತರುತ್ತಾರೆ. ಹಾಗಾಗಿ ನಿಮ್ಮ ಉತ್ತರವೂ 'ಸಮಂಜಸ' ಎಂಬುದರ ಸುತ್ತಲೇ ಇರಬೇಕು.

ಎಲ್ಲಿ ಆದೇಶ ಸಮಂಜಸ

ಮಾಸ್ಕ್ ಹಾಕುವ ಕೆಲಸದಲ್ಲಿ ವಾದಕ್ಕೆ ಹೋಗಬೇಡಿ. ಎನ್95 ಆಗಲಿ, ರಬ್ಬರಿನ ಅರ್ಧಮುಖದ ರೆಸ್ಪಿರೇಟರ್ ಆಗಲಿ ಕೆಲಸ ಮಾಡುವುದು ಅದರ ಅಂಚು ಮೂಗಿನ ಮೇಲೆ, ಕೆನ್ನೆಗೆ, ಗಲ್ಲದ ಕೆಳಗೆ ಚರ್ಮಕ್ಕೆ ಅಂಟಿ ಕೂತರೆ ಮಾತ್ರ. ನಡುವೆ ಕೂದಲು ಬಂದರೆ ಗಾಳಿ ಫಿಲ್ಟರಿನ ಮೂಲಕ ಬರದೆ ಸಂದಿನಿಂದ ನುಗ್ಗುತ್ತದೆ. ಪೇಂಟ್ ಬೂತ್, ಸಿಮೆಂಟ್, ಕಲ್ಲು ಕೊರೆಯುವ ಜಾಗ, ರಾಸಾಯನಿಕ ಘಟಕ, ಅನಿಲ ಸೋರಿದಾಗ ಒಳಹೋಗುವ ತುರ್ತು ತಂಡ, ಕ್ಷಯರೋಗದ ವಾರ್ಡು ಇಲ್ಲೆಲ್ಲ ಸಂದಿನಿಂದ ಒಳಬಂದದ್ದು ನೇರ ಶ್ವಾಸಕೋಶಕ್ಕೆ ಹೋಗುತ್ತದೆ.

ಪರೀಕ್ಷೆ ನೀವೇ ಮಾಡಿ ನೋಡಿ. ಕವಾಟವಿಲ್ಲದ ಎನ್95 ಹಾಕಿ, ಮೂಗಿನ ಪಟ್ಟಿಯನ್ನು ಎರಡೂ ಕೈಬೆರಳಿನಿಂದ ಒತ್ತಿ ಕೂರಿಸಿ. ಎರಡೂ ಅಂಗೈಗಳಿಂದ ಮಾಸ್ಕನ್ನು ಮುಚ್ಚಿ ಜೋರಾಗಿ ಉಸಿರು ಬಿಡಿ. ಗಲ್ಲದ ಕೆಳಗೋ ದವಡೆಯ ಬದಿಗೋ ಗಾಳಿ ತಾಗಿದರೆ ಸೀಲ್ ಇಲ್ಲ. ಗಡ್ಡದವರಿಗೆ ಸಾಮಾನ್ಯವಾಗಿ ಅಲ್ಲೇ ಸೋರುತ್ತದೆ. ವಿಚಿತ್ರವೆಂದರೆ ಶೇವ್ ಮಾಡಿ ಒಂದೆರಡು ದಿನವಾದ ಮೊಳಕೆ ಗಡ್ಡವೂ ಸೀಲ್ ಕೆಡಿಸುತ್ತದೆ, ಆದರೆ ಮಾಸ್ಕಿನ ಒಳಗೇ ಅಡಗುವ ಮೀಸೆ ಕೆಡಿಸುವುದಿಲ್ಲ. ಆದ್ದರಿಂದ "ಮೀಸೆಯನ್ನೂ ತೆಗಿ" ಎಂದರೆ ಸುರಕ್ಷತೆಯ ಕಾರಣ ಕೊಡಲು ಆಗುವುದಿಲ್ಲ. ಅಂಚಿಗೆ ತಾಗದ ಫ್ರೆಂಚ್ ಗಡ್ಡಕ್ಕೂ ಇದೇ ಮಾತು, ಕೂದಲು ಕವಾಟಕ್ಕೆ ಸಿಗಬಾರದು ಅಷ್ಟೇ.

ಗಡ್ಡ ತೆಗೆಯಲಾಗದವರಿಗೆ ಹುಡ್ ಇರುವ, ಬ್ಯಾಟರಿ ಫ್ಯಾನಿನ ಪಿಎಪಿಆರ್ ಉಪಕರಣವಿದೆ. ಅದು ಮುಖಕ್ಕೆ ಅಂಟಬೇಕಾಗಿಲ್ಲ. ಬೆಲೆ ಮಾಸ್ಕಿನ ಹಲವು ಪಟ್ಟು, ಚಾರ್ಜಿಂಗ್ ಜವಾಬ್ದಾರಿ ಬೇರೆ. ಕೋವಿಡ್ ಕಾಲದಲ್ಲಿ ಸಿಖ್ ವೈದ್ಯರು ಗಡ್ಡವನ್ನು ರಬ್ಬರ್ ಪಟ್ಟಿಯಿಂದ ಬಿಗಿದು ಅದರ ಮೇಲೆ ಮಾಸ್ಕ್ ಹಾಕುವ ವಿಧಾನ ಬಳಸಿದರು. ಅದನ್ನು ಅನುಸರಿಸುವುದಾದರೂ ಮಾಸ್ಕ್ ಸೋರದೆ ಕೂರುತ್ತದೆಯೇ ಎಂದು ನೋಡುವ ಫಿಟ್ ಟೆಸ್ಟ್‌ನಲ್ಲಿ ಪಾಸಾಗಲೇಬೇಕು.

ಅಡುಗೆಮನೆಯಲ್ಲಿ ಕಥೆ ಬೇರೆ. ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್ಎಸ್ಎಸ್ಎಐ) 2011ರ ಪರವಾನಗಿ ನಿಯಮಾವಳಿಯ ನಾಲ್ಕನೇ ಅನುಸೂಚಿ ಉಗುರು, ಕೂದಲನ್ನು ಕಾಲಕಾಲಕ್ಕೆ ಕತ್ತರಿಸಿಕೊಳ್ಳಿ ಎನ್ನುತ್ತದೆಯೇ ಹೊರತು ಗಡ್ಡ ಬೋಳಿಸಿ ಎನ್ನುವುದಿಲ್ಲ. ಗಡ್ಡದ ಬಲೆ ಹಾಕಿಕೊಂಡರೆ ಸಾಂಬಾರಿಗೆ ಕೂದಲು ಬೀಳುವ ಭಯ ತೀರುತ್ತದೆ. ಬಳೆ, ಉಂಗುರ, ಸಡಿಲವಾದ ಒಡವೆ ತೆಗೆಯಿರಿ ಎಂದರೆ ಅದು ನ್ಯಾಯ. ಆಸ್ಪತ್ರೆಯಲ್ಲೂ ನರ್ಸುಗಳ ಬಳೆ, ಉದ್ದನೆಯ ಉಗುರಿಗೆ ಇದೇ ತರ್ಕ; ಹಣೆಯ ಕುಂಕುಮಕ್ಕೂ ಮೂಗುತಿಗೂ ಈ ತರ್ಕ ಅಷ್ಟು ಸಲೀಸಾಗಿ ಹೊಂದುವುದಿಲ್ಲ. ಲೇತ್, ಡ್ರಿಲ್ ಮುಂದೆ ನಿಲ್ಲುವವರು ಉದ್ದ ಗಡ್ಡ, ಜಡೆಯನ್ನು ಗಂಟು ಹಾಕಿ ಬಲೆಯೊಳಗೆ ಸೇರಿಸಲೇಬೇಕು, ಅಲ್ಲಿ ಚೌಕಾಸಿ ಇಲ್ಲ.

ಇನ್ನು "ಕಸ್ಟಮರ್‌ಗಳಿಗೆ ಇಷ್ಟವಾಗಲ್ಲ" ಎಂಬ ಕಾರಣ. ದುರ್ಬಲ ಕಾರಣವಾದರೂ ಕೌಂಟರಿನಲ್ಲಿ ನಿಲ್ಲುವವರ ವಿಷಯದಲ್ಲಿ ಸಂಸ್ಥೆಗೆ ಸ್ವಲ್ಪ ಬಲ ಕೊಡುತ್ತದೆ. ಗೋಡೌನಿನಲ್ಲಿ, ಬ್ಯಾಕ್ ಆಫೀಸಿನಲ್ಲಿ ಕೂತವರಿಗೆ ಅದನ್ನೇ ಹೇಳಿದರೆ ನಗೆಪಾಟಲು. ಒಬ್ಬರ ಗಡ್ಡಕ್ಕೆ ಮೆಮೊ, ಪಕ್ಕದ ಸೀಟಿನವರ ಗಡ್ಡಕ್ಕೆ ಏನೂ ಇಲ್ಲ ಎಂದಾದರೆ ತಾರೀಖಿನ ಸಮೇತ ಬರೆದಿಡಿ.

ಪತ್ರ ಬರೆಯುವುದು

ಗಡ್ಡ ಬಿಡಲು ಕಾರಣಗಳು ನಮ್ಮಲ್ಲಿ ಹಲವು. ಕೆಲವು ಶಾಶ್ವತ: ಸಿಖ್, ಮುಸ್ಲಿಂ ನೌಕರರ ಶ್ರದ್ಧೆ, ಶೇವ್ ಮಾಡಿದರೆ ಗುಳ್ಳೆಯೇಳುವ ಚರ್ಮ. ಕೆಲವು ತಾತ್ಕಾಲಿಕ: ಅಯ್ಯಪ್ಪ ಮಾಲೆಯ 41 ದಿನ, ಸೂತಕ, ಹೆಂಡತಿ ಬಸುರಿಯಾದಾಗ ಕ್ಷೌರ ಮಾಡಿಸದಿರುವುದು. ತಾತ್ಕಾಲಿಕವಾದದ್ದಕ್ಕೆ ಒಪ್ಪಿಗೆ ಸುಲಭ. ಆದರೆ ಮಾಲೆ ಹಾಕಿದ ಮೇಲಲ್ಲ, ಹಾಕುವ ಮೊದಲೇ ಕೇಳಿ. ಚರ್ಮದ ಸಮಸ್ಯೆಗೆ ಚರ್ಮವೈದ್ಯರ ಚೀಟಿಯಲ್ಲಿ "ರೇಜರ್ ಬೇಡ, ಟ್ರಿಮ್ಮರ್‌ನಿಂದ ಇಷ್ಟು ಮಿಲಿಮೀಟರ್" ಎಂದು ಸ್ಪಷ್ಟವಾಗಿ ಬರೆಸಿ. ಬರೀ "ಅಲರ್ಜಿ" ಎಂದಿದ್ದರೆ ಎಚ್‌ಆರ್ ಪಕ್ಕಕ್ಕಿಡುತ್ತದೆ.

ಪತ್ರ ಹೀಗಿರಲಿ:

"ಮಾನ್ಯರೇ, ದಿನಾಂಕ … ರಂದು ಗಡ್ಡ ತೆಗೆಯುವಂತೆ ನನಗೆ ಮೌಖಿಕವಾಗಿ ಸೂಚಿಸಲಾಗಿದೆ. ಈ ನಿಯಮವಿರುವ ದಾಖಲೆಯ ಪ್ರತಿಯನ್ನು ದಯವಿಟ್ಟು ಕೊಡಿ. ನಾನು … ವಿಭಾಗದಲ್ಲಿ … ಕೆಲಸ ಮಾಡುತ್ತಿದ್ದು, ಈ ಕೆಲಸದಲ್ಲಿ ರೆಸ್ಪಿರೇಟರ್ ಬಳಕೆ ಇಲ್ಲ. … ಕಾರಣದಿಂದ ಗಡ್ಡ ಇಟ್ಟಿದ್ದೇನೆ. ಅದನ್ನು … ಮಿ.ಮೀ. ಉದ್ದಕ್ಕೆ ಟ್ರಿಮ್ ಮಾಡಿ, ಅಗತ್ಯವಿರುವ ಕಡೆ ಬಲೆ ಹಾಕಿಕೊಳ್ಳಲು ಸಿದ್ಧನಿದ್ದೇನೆ. ತಮ್ಮ ಲಿಖಿತ ಉತ್ತರ ಬರುವವರೆಗೆ ಎಂದಿನಂತೆ ಕೆಲಸಕ್ಕೆ ಹಾಜರಾಗುತ್ತೇನೆ."

ಕೊನೆಯ ಸಾಲು ಬಿಡಬೇಡಿ. ಗೇಟಿನಿಂದ ವಾಪಸ್ ಕಳಿಸಿದ ದಿನಗಳನ್ನು "ಗೈರುಹಾಜರಿ" ಎಂದು ತೋರಿಸಿ, ಆಮೇಲೆ ಕೆಲಸ ಬಿಟ್ಟು ಹೋದರು ಎನ್ನುವ ಚಾಳಿ ಇದೆ. ವಾಪಸ್ ಕಳಿಸಿದರೆ ಗೇಟಿನಿಂದಲೇ ಎಚ್‌ಆರ್‌ಗೆ ಮೇಲ್ ಮಾಡಿ: ಎಷ್ಟು ಗಂಟೆಗೆ ಬಂದಿರಿ, ಯಾರು ತಡೆದರು.

ದಂಡ, ಮೆಮೊ, ವಜಾ

ಸೆಕ್ಯುರಿಟಿ ಗಾರ್ಡುಗಳಿಗೆ "ಶೇವ್ ಮಾಡಿಲ್ಲ, 200 ರೂಪಾಯಿ ಕಟ್" ಎನ್ನುವುದು ಮಾಮೂಲಿ. ವೇತನ ಸಂಹಿತೆ 2019ರ 19ನೇ ಕಲಂ ಪ್ರಕಾರ ಯಾವ ತಪ್ಪಿಗೆ ದಂಡ ಎಂಬ ಪಟ್ಟಿಗೆ ಸರ್ಕಾರದ ಪೂರ್ವಾನುಮತಿ ಇರಬೇಕು, ಅದನ್ನು ಕೆಲಸದ ಜಾಗದಲ್ಲಿ ಪ್ರದರ್ಶಿಸಬೇಕು, ನಿಮ್ಮ ಸಮಜಾಯಿಷಿ ಕೇಳಬೇಕು. ಒಂದು ವೇತನ ಅವಧಿಯ ಒಟ್ಟು ದಂಡ ಸಂಬಳದ ಶೇ 3 ಮೀರಬಾರದು. 15,000 ಸಂಬಳಕ್ಕೆ 450 ರೂಪಾಯಿ ಮಿತಿ. ಪಟ್ಟಿಯೇ ಇಲ್ಲದಿದ್ದರೆ ಒಂದು ರೂಪಾಯಿಯೂ ಹಿಡಿಯುವಂತಿಲ್ಲ. ಪೇ ಸ್ಲಿಪ್ ಇಟ್ಟುಕೊಂಡು ಕಾರ್ಮಿಕ ಇಲಾಖೆಗೆ ದೂರು ಕೊಡಿ.

ಶೋಕಾಸ್ ನೋಟಿಸ್ ಬಂದರೆ ಅದರಲ್ಲಿ ಹೇಳಿದ ಅವಧಿಯೊಳಗೆ ಉತ್ತರಿಸಿ. ಸಮಯ ಸಾಲದಿದ್ದರೆ ಇನ್ನಷ್ಟು ಕೊಡಿ ಎಂದು ಬರೆದು ಕೇಳಿ. ಸುಮ್ಮನಿದ್ದರೆ ತಪ್ಪೊಪ್ಪಿಕೊಂಡರು ಎಂದೇ ಬರೆದುಕೊಳ್ಳುತ್ತಾರೆ. 20 ಅಥವಾ ಹೆಚ್ಚು ಕಾರ್ಮಿಕರಿರುವಲ್ಲಿ ಕುಂದುಕೊರತೆ ಪರಿಹಾರ ಸಮಿತಿ ಇರಬೇಕು. ಅಲ್ಲಿಗೆ ಒಂದು ವರ್ಷದೊಳಗೆ ಅರ್ಜಿ ಕೊಡಬಹುದು, ಸಮಿತಿಗೆ 30 ದಿನದ ಗಡುವು. ತೃಪ್ತಿಯಾಗದಿದ್ದರೆ 60 ದಿನದೊಳಗೆ ಸಂಧಾನಾಧಿಕಾರಿಯ ಬಳಿ ಹೋಗಿ.

ಅಂಗಡಿ, ಹೋಟೆಲು, ಐಟಿ ಕಚೇರಿಗಳಲ್ಲಿರುವವರು ಕರ್ನಾಟಕ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರ 39ನೇ ಕಲಂ ಓದಿಕೊಳ್ಳಿ. ಐಟಿ ಕಂಪನಿಗಳಿಗೆ ರಾಜ್ಯ ಸರ್ಕಾರ ಸ್ಥಾಯಿ ಆದೇಶಗಳಿಂದ ವರ್ಷಗಟ್ಟಲೆ ವಿನಾಯಿತಿ ಕೊಡುತ್ತಾ ಬಂದಿರುವುದರಿಂದ ಅವರಿಗೆ ಇದು ಇನ್ನೂ ಮುಖ್ಯ. ಆರು ತಿಂಗಳು ಸತತ ದುಡಿದವರನ್ನು ಸಮಂಜಸ ಕಾರಣವಿಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಬದಲು ಸಂಬಳ ಕೊಡದೆ ತೆಗೆಯುವಂತಿಲ್ಲ. ದುರ್ನಡತೆ ಎಂದು ನೋಟಿಸಿಲ್ಲದೆ ಕಳಿಸುವುದಾದರೆ ವಿಚಾರಣೆ ನಡೆದು ಸಾಕ್ಷ್ಯ ದಾಖಲಾಗಿರಬೇಕು. ಮೇಲ್ಮನವಿಗೆ ಅವಕಾಶವಿದೆ, ಆದೇಶ ಕೈಗೆ ಬಂದ ವಾರದಲ್ಲೇ ವಕೀಲರನ್ನೋ ಯೂನಿಯನ್ನನ್ನೋ ಕಾಣಿ. "ನೀವಾಗೇ ರಾಜೀನಾಮೆ ಕೊಟ್ಟುಬಿಡಿ, ಎಕ್ಸ್‌ಪೀರಿಯೆನ್ಸ್ ಲೆಟರ್ ಚೆನ್ನಾಗಿ ಕೊಡ್ತೀವಿ" ಎನ್ನುವ ಮಾತಿಗೆ ಸಹಿ ಹಾಕಿದರೆ ಈ ರಕ್ಷಣೆಯನ್ನೆಲ್ಲ ನೀವೇ ಬಿಟ್ಟುಕೊಟ್ಟ ಹಾಗೆ.

ಅಮೆರಿಕದಲ್ಲಿ ದುಡಿಯುವ ಕನ್ನಡಿಗರಿಗೆ ಪರಿಸ್ಥಿತಿ ಹೆಚ್ಚು ಅನುಕೂಲ. ಅಲ್ಲಿ ಖಾಸಗಿ ಸಂಸ್ಥೆಯೂ (15 ಅಥವಾ ಹೆಚ್ಚು ನೌಕರರಿದ್ದರೆ) ಧಾರ್ಮಿಕ ಕಾರಣಕ್ಕೆ ವಿನಾಯಿತಿ ಕೊಡಬೇಕು. ಅದರಿಂದ ವ್ಯವಹಾರಕ್ಕೆ ಗಣನೀಯ ಹೊರೆ ಬೀಳುತ್ತದೆ ಎಂದು ತೋರಿಸಿದರೆ ಮಾತ್ರ ನಿರಾಕರಿಸಬಹುದು ಎಂದು ಅಲ್ಲಿನ ಸುಪ್ರೀಂ ಕೋರ್ಟಿನ 2023ರ ಗ್ರಾಫ್ ತೀರ್ಪು ಬಿಗಿ ಮಾಡಿದೆ. ದೂರು ಹೋಗಬೇಕಾದದ್ದು ಉದ್ಯೋಗ ತಾರತಮ್ಯದ ದೂರು ನೋಡುವ ಕೇಂದ್ರ ಆಯೋಗ ಇಇಒಸಿಗೆ: ಘಟನೆ ನಡೆದ 180 ದಿನದೊಳಗೆ, ಆ ರಾಜ್ಯದಲ್ಲೂ ಅಂಥ ಸಂಸ್ಥೆ ಇದ್ದರೆ 300 ದಿನದೊಳಗೆ.