ಕಾರ್ಬನ್ ಲೆಕ್ಕದ ಆ್ಯಪ್‌ಗೆ ಬಚ್ಚಲ ಒಲೆ ಸೇರಿಸುವುದು ಹೇಗೆ?

ಕಾಪುವಿನ ದೊಡ್ಡಮ್ಮನ ಮನೆ ಜಗಲಿಯಲ್ಲಿ ಕೂತು ಲ್ಯಾಪ್‌ಟಾಪಿನಲ್ಲಿ ಒಂದು ಆ್ಯಪ್ ತೆರೆದಿದ್ದೆ. ಮನೆಯ ಕರೆಂಟು, ಗ್ಯಾಸು, ಓಡಾಟ ಎಲ್ಲ ತುಂಬಿಸಿದರೆ ವರ್ಷಕ್ಕೆ ಎಷ್ಟು ಕೆಜಿ ಇಂಗಾಲದ ಡೈಆಕ್ಸೈಡ್ ನಮ್ಮ ಪಾಲಿನದು ಅಂತ ಹೇಳುವ ಆ್ಯಪ್. ಮೂರನೇ ಪ್ರಶ್ನೆಗೇ ಸಿಕ್ಕಿಬಿದ್ದೆವು.

"ಎಂತ ಕೇಳುವುದು ಅದು?" ಅಂದರು ದೊಡ್ಡಮ್ಮ.

"ಚಳಿಗಾಲದಲ್ಲಿ ಮನೆ ಬಿಸಿ ಮಾಡ್ಲಿಕ್ಕೆ ಎಷ್ಟು ಗ್ಯಾಸ್ ಬೇಕು ಅಂತ, ದೊಡ್ಡಮ್ಮ."

"ಮನೆ ಬಿಸಿ ಮಾಡುವುದಾ? ನಮ್ಮಲ್ಲಿ ಬಿಸಿ ಮಾಡುವುದು ಬಚ್ಚಲ ಹಂಡೆ ಒಂದೇ. ಅದನ್ನು ಬರಿ ಮಾರಾಯ."

ಬರೆಯಲಿಕ್ಕೆ ಜಾಗವೇ ಇರಲಿಲ್ಲ. ಆದರೆ ಇಂಥ ಆ್ಯಪ್‌ಗಳಲ್ಲಿ ಹಲವು ಓಪನ್ ಸೋರ್ಸ್. ಕೋಡ್ ಎಲ್ಲರಿಗೂ ತೆರೆದಿರುತ್ತದೆ. ಜಾಗ ಇಲ್ಲದಿದ್ದರೆ ನಾವೇ ಮಾಡಿಕೊಳ್ಳಬಹುದು. ಸುರತ್ಕಲ್, ಮಣಿಪಾಲದಲ್ಲಿ ಕಂಪ್ಯೂಟರ್ ಓದುವ ಮಕ್ಕಳೇ ಮಾಡಬೇಕೆಂದಿಲ್ಲ. ಕರೆಂಟ್ ಬಿಲ್ ಓದಲು ಬರುವವರಿಗೂ ಇದರಲ್ಲಿ ಕೆಲಸ ಉಂಟು.

ಮೊದಲು ಗಿಟ್‌ಹಬ್‌ನಲ್ಲಿ, ಅಂದರೆ ಇಂಥ ಕೋಡ್ ಇಟ್ಟು ಹಂಚಿಕೊಳ್ಳುವ ಜಾಲತಾಣದಲ್ಲಿ, ಒಂದು ಖಾತೆ ತೆರೆಯಿರಿ. ಕಾರ್ಬನ್ ಕ್ಯಾಲ್ಕ್ಯುಲೇಟರ್ ಎಂದು ಹುಡುಕಿದರೆ ರಾಶಿ ಪ್ರಾಜೆಕ್ಟ್ ಬರುತ್ತವೆ. ಮೆಚ್ಚಿದವರು ಕೊಟ್ಟ ನಕ್ಷತ್ರ ಎಷ್ಟು ಬಿದ್ದಿದೆ ಅಂತ ನೋಡಬೇಡಿ, ಕೊನೆಯ ಬದಲಾವಣೆ ಯಾವಾಗ ಆಗಿದೆ ನೋಡಿ. ಎರಡು ವರ್ಷದಿಂದ ಯಾರೂ ಮುಟ್ಟದ ಪ್ರಾಜೆಕ್ಟಿಗೆ ನೀವು ಏನು ಕಳಿಸಿದರೂ ತೆಗೆದುಕೊಳ್ಳುವವರು ಇರುವುದಿಲ್ಲ. ಕೋಡ್ ಬಳಸಲು ಅನುಮತಿ ಕೊಡುವ ಲೈಸೆನ್ಸ್ ಫೈಲ್ ಇದೆಯಾ, ಪ್ರಾಜೆಕ್ಟಿನ ಪರಿಚಯ ಬರೆದ ರೀಡ್‌ಮಿ ಫೈಲ್ ಅರ್ಥವಾಗುವ ಹಾಗಿದೆಯಾ ಅಂತಲೂ ನೋಡಿಕೊಳ್ಳಿ.

ಆಯ್ಕೆಯಾದ ಮೇಲೆ ಫೋರ್ಕ್ ಬಟನ್ ಒತ್ತಿ. ಪ್ರಾಜೆಕ್ಟಿನ ಒಂದು ಪ್ರತಿ ನಿಮ್ಮ ಖಾತೆಗೆ ಬರುತ್ತದೆ. ನಾನು ಹೇಳುವುದು ಜಾವಾಸ್ಕ್ರಿಪ್ಟ್ ಎಂಬ ಭಾಷೆಯಲ್ಲಿ ಬರೆದ ಪ್ರಾಜೆಕ್ಟಿನದು. ಲ್ಯಾಪ್‌ಟಾಪಿನಲ್ಲಿ ಕೋಡಿನ ಬದಲಾವಣೆಗಳ ದಾಖಲೆ ಇಡುವ ಗಿಟ್, ಜಾವಾಸ್ಕ್ರಿಪ್ಟ್ ಓಡಿಸುವ ನೋಡ್ ಜೆಎಸ್, ಕೋಡ್ ಬರೆಯಲು ಒಂದು ಕೋಡ್ ಎಡಿಟರ್ ಇರಬೇಕು. ಮೂರೂ ಉಚಿತ. ನೋಡ್‌ನಲ್ಲಿ ಎಲ್‌ಟಿಎಸ್ (ದೀರ್ಘಕಾಲ ಬೆಂಬಲ) ಎಂಬ ಗುರುತಿರುವ ಆವೃತ್ತಿಯನ್ನೇ ಹಾಕಿಕೊಳ್ಳಿ. ಆದೇಶ ಟೈಪ್ ಮಾಡುವ ಕಿಟಕಿಯಾದ ಟರ್ಮಿನಲ್ ತೆರೆದು, ಗಿಟ್ ಕ್ಲೋನ್ ಎಂಬ ಆದೇಶದ ಜೊತೆ ನಿಮ್ಮ ಪ್ರತಿಯ ವಿಳಾಸ ಕೊಟ್ಟು ಅದನ್ನು ಇಳಿಸಿಕೊಳ್ಳಿ. ಆ ಫೋಲ್ಡರಿನ ಒಳಗೆ ಹೋಗಿ ಎನ್‌ಪಿಎಂ ಇನ್‌ಸ್ಟಾಲ್ ಎಂಬ ಆದೇಶ ಕೊಡಿ. ಎನ್‌ಪಿಎಂ ನೋಡ್ ಜೊತೆಗೇ ಬರುತ್ತದೆ. ಈ ಆದೇಶ ಆ್ಯಪ್ ಓಡಲು ಬೇಕಾದ ನೂರಾರು ಸಣ್ಣ ಫೈಲುಗಳನ್ನು ತರಿಸುತ್ತದೆ. ಮಳೆಗಾಲದಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿ ಕೂತರೆ ಒಂದು ಚಾ ಕುಡಿದು ಬರುವಷ್ಟು ಹೊತ್ತು ಬೇಕು.

ಮುಂದೆ ಆ್ಯಪ್ ಓಡಿಸಲು ಎನ್‌ಪಿಎಂ ರನ್ ಡೆವ್. ಕೆಲವು ಪ್ರಾಜೆಕ್ಟುಗಳಲ್ಲಿ ಎನ್‌ಪಿಎಂ ಸ್ಟಾರ್ಟ್. ಯಾವುದೆಂದು ರೀಡ್‌ಮಿಯಲ್ಲಿ ಬರೆದಿರುತ್ತದೆ. ಲೋಕಲ್‌ಹೋಸ್ಟ್ ಎಂದು ಶುರುವಾಗುವ ವಿಳಾಸ ಕಂಡರೆ ಗೆದ್ದಿರಿ. ಅದನ್ನು ಬ್ರೌಸರಿನಲ್ಲಿ ತೆರೆದರೆ ಆ್ಯಪ್ ನಿಮ್ಮ ಯಂತ್ರದಲ್ಲೇ ಓಡುತ್ತಿರುತ್ತದೆ. ಕೆಂಪು ಅಕ್ಷರದ ರಾಶಿ ಬಿದ್ದರೆ ಹೆದರಬೇಡಿ. ಹೆಚ್ಚಾಗಿ ನೋಡ್ ಆವೃತ್ತಿ ಹೊಂದಿರುವುದಿಲ್ಲ, ಇಲ್ಲವೇ ಸೆಟ್ಟಿಂಗ್ ಬರೆದಿಡುವ ಎನ್ವ್ ಫೈಲಿನ ಮಾದರಿಯನ್ನು ನಕಲು ಮಾಡಲು ಮರೆತಿರುತ್ತೀರಿ.

ಈಗ ನಿಜವಾದ ಕೆಲಸ. ಕೋಡ್ ಮುಟ್ಟುವ ಮೊದಲು ನಿಮ್ಮ ಮನೆಯ ಲೆಕ್ಕವನ್ನು ಕಾಗದದ ಮೇಲೆ ಹಾಕಿ. ಮೆಸ್ಕಾಂ ಬಿಲ್ಲಿನಲ್ಲಿ 120 ಯೂನಿಟ್ ಇದೆ ಅನ್ನಿ. ಆ್ಯಪ್ ಕೇಳುವ ಕಿಲೋವ್ಯಾಟ್ ಅವರ್ ಅಂದರೆ ಇದೇ ಯೂನಿಟ್. ನಮ್ಮ ದೇಶದ ಗ್ರಿಡ್‌ನಲ್ಲಿ ಒಂದು ಯೂನಿಟ್ಟಿಗೆ ಸುಮಾರು 0.7 ಕೆಜಿ ಇಂಗಾಲದ ಡೈಆಕ್ಸೈಡ್. ಕೇಂದ್ರ ವಿದ್ಯುತ್ ಪ್ರಾಧಿಕಾರ ಈ ಅಂಕಿಯನ್ನು ಪ್ರಕಟಿಸುತ್ತದೆ. ಅಲ್ಲಿಗೆ ತಿಂಗಳಿಗೆ 84 ಕೆಜಿ. ಬ್ರಿಟನ್ನಿನ ಅಂಕಿ 0.2ರ ಆಸುಪಾಸು. ಅಲ್ಲಿಯವರು ಬರೆದ ಆ್ಯಪ್ ಅದನ್ನೇ ಇಟ್ಟುಕೊಂಡಿದ್ದರೆ ನಿಮಗೆ 24 ಕೆಜಿ ತೋರಿಸಿ ಬೆನ್ನು ತಟ್ಟುತ್ತದೆ.

ಪಡುಬಿದ್ರಿ ಹತ್ತಿರದ ಎಲ್ಲೂರಿನಲ್ಲಿ 1200 ಮೆಗಾವ್ಯಾಟಿನ ಕಲ್ಲಿದ್ದಲ ಸ್ಥಾವರ ಇದೆ ಅಂತ ನಮ್ಮ ಕರೆಂಟೆಲ್ಲ ಅಲ್ಲಿಂದಲೇ ಬರುತ್ತದೆ ಅಂದುಕೊಳ್ಳಬೇಡಿ. ವಾರಾಹಿ, ಶರಾವತಿಯ ನೀರಿನ ಕರೆಂಟೂ ಅದೇ ಜಾಲದಲ್ಲಿ ಬೆರೆಯುತ್ತದೆ. ಅದಕ್ಕೇ ಇಡೀ ದೇಶದ ಸರಾಸರಿ ಹಿಡಿಯುವುದು.

ಗ್ಯಾಸಿನದು ಸುಲಭ. ಸಿಲಿಂಡರಿನಲ್ಲಿ 14.2 ಕೆಜಿ, ಒಂದು ಕೆಜಿಗೆ ಸುಮಾರು 3 ಕೆಜಿ ಹೊರಸೂಸುವಿಕೆ. ಪೆಟ್ರೋಲ್ ಲೀಟರಿಗೆ 2.3, ಡೀಸೆಲ್ ಲೀಟರಿಗೆ 2.7. ಒಂದು ಕೆಜಿಯೂ ತೂಗದ ಪೆಟ್ರೋಲಿನಿಂದ 2.3 ಕೆಜಿ ಹೇಗೆ ಬಂತು ಅಂತ ಕೇಳುವವರಿದ್ದಾರೆ. ಉರಿಯುವಾಗ ಗಾಳಿಯ ಆಮ್ಲಜನಕ ಸೇರಿಕೊಳ್ಳುತ್ತದೆ. 12 ಗ್ರಾಂ ಇಂಗಾಲ 44 ಗ್ರಾಂ ಆಗುತ್ತದೆ, ಅಷ್ಟೆ.

ಈ ಅಂಕಿಗಳನ್ನು ಹಿಡಿದು ಆ್ಯಪ್ ಕೊಟ್ಟ ಉತ್ತರದ ಜೊತೆ ತಾಳೆ ನೋಡಿ. ತಪ್ಪುಗಳು ತಾವಾಗಿಯೇ ಕಾಣುತ್ತವೆ. ನನಗೆ ಸಿಕ್ಕಿದ್ದು ಹೀಗೆ: ಸ್ಕೂಟರ್ 200 ಕಿಮೀ, ಕಾರು 300 ಕಿಮೀ ತುಂಬಿಸಿದೆ. ಒಟ್ಟು 200300 ಕಿಮೀ ಅಂತು ಆ್ಯಪ್. ಒಂದೇ ತಿಂಗಳಲ್ಲಿ ಭೂಮಿಗೆ ಐದು ಸುತ್ತು! ಜಾವಾಸ್ಕ್ರಿಪ್ಟಿನಲ್ಲಿ ಪೆಟ್ಟಿಗೆಯಲ್ಲಿ ತುಂಬಿಸಿದ್ದು ಸಂಖ್ಯೆಯಾಗಿ ಅಲ್ಲ, ಅಕ್ಷರವಾಗಿ ಬರುತ್ತದೆ. ಅಕ್ಷರಕ್ಕೆ ಅಕ್ಷರ ಕೂಡಿಸಿದರೆ ಪಕ್ಕಪಕ್ಕ ಅಂಟಿಕೊಳ್ಳುತ್ತದೆ. ಎರಡನ್ನೂ ಬೇರೆಬೇರೆಯಾಗಿ ನಂಬರ್ ಎಂಬ ಪದದ ಮುಂದಿನ ಆವರಣದೊಳಗೆ ಇಟ್ಟರೆ 500 ಬರುತ್ತದೆ. ನನ್ನ ಮೊದಲ ತಿದ್ದುಪಡಿ ಅದೊಂದೇ ಸಾಲು. ಮನೆಯಲ್ಲಿ ಇರುವವರ ಸಂಖ್ಯೆಗೆ ಸೊನ್ನೆ ಹಾಕಿ, ತಲಾ ಲೆಕ್ಕಕ್ಕೆ ಸೊನ್ನೆಯಿಂದ ಭಾಗಿಸಲು ಹೋಗಿ ಆ್ಯಪ್ ಎಡವುತ್ತದಾ ಅಂತ ನೋಡುವುದನ್ನೂ ಮರೆಯಬೇಡಿ.

ಇನ್ನು ಹಂಡೆ. ತೋಟದಲ್ಲಿ ಬಿದ್ದ ಮಡಲು, ಸಿಪ್ಪೆ, ಗೆರಟೆ ಉರಿಸಿ ನೀರು ಕಾಯಿಸಿದರೆ ಅದರ ಲೆಕ್ಕ ಹೇಗೆ? ಆ ಮಡಲು ಉರಿಯದಿದ್ದರೂ ಕೊಳೆತು ಗಾಳಿ ಸೇರುತ್ತಿತ್ತು. ಮರ ಮತ್ತೆ ಹೊಸ ಮಡಲು ಬಿಡುತ್ತದೆ. ಹಾಗಾಗಿ ಅದರ ಇಂಗಾಲದ ಡೈಆಕ್ಸೈಡನ್ನು ಇಂಧನದ ಲೆಕ್ಕಕ್ಕೆ ಸೇರಿಸದೆ ಬೇರೆಯೇ ತೋರಿಸುವುದು ಪದ್ಧತಿ. ಆದರೆ ಹೊಗೆಯ ಜೊತೆ ಹೋಗುವ ಮೀಥೇನ್ ಲೆಕ್ಕಕ್ಕೆ ಬರುತ್ತದೆ. ಅಂದರೆ ಹಂಡೆ ಪೂರ್ತಿ ಸೊನ್ನೆ ಅಲ್ಲ. ಮರ ಕಡಿದು ತಂದ ಸೌದೆಯಾದರೆ ಕಥೆಯೇ ಬೇರೆ, ಆ ಮರದ ಜಾಗದಲ್ಲಿ ಇನ್ನೊಂದು ಬೆಳೆಯಿತಾ ಅಂತ ಕೇಳಬೇಕಾಗುತ್ತದೆ. ಅದಕ್ಕೆ ನಾನು ಒಂದು ಪೆಟ್ಟಿಗೆ ಬದಲು ಎರಡು ಇಟ್ಟೆ: ತೋಟದ ಕಸ, ಕೊಂಡ ಸೌದೆ. ಹೋಲಿಕೆಗೆ ಬೇಕಾದರೆ, 2 ಕಿಲೋವ್ಯಾಟಿನ ಗೀಸರ್ ಅರ್ಧ ಗಂಟೆ ಓಡಿದರೆ 1 ಯೂನಿಟ್, 0.7 ಕೆಜಿ.

ಬಸ್ಸಿನದೂ ಹೀಗೇ. ಉಡುಪಿಯಿಂದ ಮಂಗಳೂರಿಗೆ 60 ಕಿಮೀ ಹಿಡಿಯಿರಿ. ಲೀಟರಿಗೆ 15 ಕೊಡುವ ಪೆಟ್ರೋಲ್ ಕಾರಿನಲ್ಲಿ ಒಬ್ಬರೇ ಹೋದರೆ 9 ಕೆಜಿ ದಾಟುತ್ತದೆ. ಲೀಟರಿಗೆ 4 ಕಿಮೀ ಓಡುವ ಬಸ್ಸಿನಲ್ಲಿ 40 ಜನ ಇದ್ದರೆ ತಲೆಗೆ 1 ಕೆಜಿ. ನಮ್ಮ ಸರ್ವಿಸ್ ಬಸ್ಸುಗಳಲ್ಲಿ ಸಂಜೆ ಹೊತ್ತು ಅದಕ್ಕಿಂತ ಜಾಸ್ತಿ ಜನ ನೇತಾಡುತ್ತಾರೆ, ಆ ಮಾತು ಬೇರೆ.

ಕೋಡ್ ಬೇಡವೇ ಬೇಡ ಅನ್ನುವವರು, ಆ್ಯಪ್ ತೋರಿಸುವ ಪದಗಳ ಪಟ್ಟಿ ಇರುವ ಅನುವಾದದ ಫೈಲ್ ಹುಡುಕಿ. ಎಡಗಡೆ ಇರುವುದು ಕೋಡ್ ಗುರುತಿಸುವ ಪದ, ಅದನ್ನು ಮುಟ್ಟಬಾರದು, ಬಲಗಡೆಯದನ್ನು ಮಾತ್ರ ಕನ್ನಡ ಮಾಡಬೇಕು. ಒಂದು ಅಲ್ಪವಿರಾಮ ತಪ್ಪಿದರೂ ಪುಟವೇ ತೆರೆಯದಿರಬಹುದು. ಪದಕೋಶದ ಕನ್ನಡ ಬೇಡ. ಯೂನಿಟ್ ಅನ್ನಿ, ದಿನದ ಓಡಾಟ ಅನ್ನಿ. ದೊಡ್ಡಮ್ಮನಿಗೆ ಓದಿ ಹೇಳಿ ಅರ್ಥವಾಯಿತಾ ನೋಡಿ.

ಕಳಿಸುವುದು ಕೊನೆಯ ಕೆಲಸ. ಬದಲಾವಣೆಗೆ ಹೊಸ ಬ್ರಾಂಚ್ (ಕೋಡಿನ ಪ್ರತ್ಯೇಕ ಕವಲು) ಮಾಡಿ, ಮೇನ್ ಎಂಬ ಮುಖ್ಯ ಕವಲಿನಲ್ಲಿ ನೇರ ಕೈ ಹಾಕಬೇಡಿ. ಪ್ರಾಜೆಕ್ಟಿನಲ್ಲಿರುವ ಟೆಸ್ಟ್ ಓಡಿಸಿ, ಕಮಿಟ್ ಮಾಡಿ (ಬದಲಾವಣೆಯನ್ನು ಗಿಟ್‌ನಲ್ಲಿ ದಾಖಲಿಸಿ), ಪುಶ್ ಮಾಡಿ (ಗಿಟ್‌ಹಬ್‌ನ ನಿಮ್ಮ ಪ್ರತಿಗೆ ಕಳಿಸಿ). ಗಿಟ್‌ಹಬ್‌ನಲ್ಲಿ ಪುಲ್ ರಿಕ್ವೆಸ್ಟ್ (ಬದಲಾವಣೆ ಸೇರಿಸಿಕೊಳ್ಳಿ ಎಂಬ ಮನವಿ) ತೆರೆದು ಏನು ಬದಲಿಸಿದಿರಿ, ಅಂಕಿ ಎಲ್ಲಿಂದ ಬಂತು ಅಂತ ನಾಲ್ಕು ಸಾಲು ಬರೆಯಿರಿ. ಒಂದು ರಿಕ್ವೆಸ್ಟಿನಲ್ಲಿ ಒಂದೇ ವಿಷಯ ಇರಲಿ. ದೊಡ್ಡ ಬದಲಾವಣೆಯಾದರೆ ಮೊದಲೇ ಪ್ರಾಜೆಕ್ಟಿನ ಪುಟದಲ್ಲಿ ಒಂದು ಇಶ್ಯೂ (ಚರ್ಚೆಯ ಟಿಪ್ಪಣಿ) ತೆರೆದು ಕೇಳುವುದು ಒಳ್ಳೆಯದು. ಇಲ್ಲದಿದ್ದರೆ ಎರಡು ವಾರದ ಕೆಲಸ ಸುಮ್ನೆ ನೀರಿಗೆ ಹೋದೀತು.

ನನ್ನ ಹಂಡೆಯ ರಿಕ್ವೆಸ್ಟಿಗೆ ಪ್ರಾಜೆಕ್ಟ್ ನಡೆಸುವವರಿಂದ ಬಂದ ಮೊದಲ ಪ್ರಶ್ನೆ, ಇದೆಂಥ ಪಾತ್ರೆ ಅಂತ. ಬಚ್ಚಲಿಗೆ ಹೋಗಿ ಒಂದು ಫೋಟೊ ತೆಗೆದು ಹಾಕಿದೆ, ಮಸಿ ಸಮೇತ. ಅವರು ಕೇಳಿದ ತಿದ್ದುಪಡಿಗಳನ್ನು ಅದೇ ಬ್ರಾಂಚಿನಲ್ಲಿ ಮಾಡಿ ಮತ್ತೆ ಪುಶ್ ಮಾಡಿದರೆ ಸಾಕು, ಹಳೆಯ ರಿಕ್ವೆಸ್ಟೇ ತಾನಾಗಿ ಬದಲಾಗುತ್ತದೆ. ಒಪ್ಪಿಗೆಯಾದ ಮೇಲೆ ನಿಮ್ಮ ಫೋರ್ಕ್ ಪುಟದಲ್ಲಿ ಸಿಂಕ್ ಬಟನ್ ಒತ್ತಿ ಮೂಲ ಪ್ರಾಜೆಕ್ಟಿನ ಬದಲಾವಣೆಗಳನ್ನು ನಿಮ್ಮ ಪ್ರತಿಗೂ ತರಿಸಿಕೊಳ್ಳಿ, ಆಮೇಲೆಯೇ ಮುಂದಿನದಕ್ಕೆ ಹೊಸ ಬ್ರಾಂಚ್ ತೆರೆಯಿರಿ. ನನ್ನ ಮುಂದಿನದು ಬಾವಿಯ ಪಂಪು.